‘ನಡೆಯುತ್ತೆ’ ಮತ್ತು ‘ನಡೆಯುತ್ತೆ ಬಿಡು’

ಲಿನಕ್ಸ್ ಬಳಸುವವರ ಹತ್ತಿರ ಹೋಗಿ ‘ಇದರಲ್ಲಿ ವಿಆರ್ ಗೇಮ್ ಆಡಬಹುದಾ?’ ಅಂತ ಕೇಳಿ ನೋಡಿ. ತಡವಿಲ್ಲದೆ ಉತ್ತರ ಬರುತ್ತೆ: ‘ಓಹೋ, ನಡೆಯುತ್ತೆ.’ ಆಮೇಲೆ ನಿಧಾನಕ್ಕೆ ಬಾಲ ಹೊರಗೆ ಬರುತ್ತೆ. ಹೆಡ್‌ಸೆಟ್ ಯಾವುದು? ಗ್ರಾಫಿಕ್ಸ್ ಕಾರ್ಡ್ ಎಎಂಡಿನಾ, ಎನ್ವಿಡಿಯಾನಾ? ಡಿಸ್ಟ್ರೋ ಯಾವುದು? ಡೆಸ್ಕ್‌ಟಾಪ್ ಗ್ನೋಮಾ, ಕೆಡಿಇನಾ? ಇಷ್ಟಕ್ಕೂ ನಿಮ್ಮ ಉತ್ತರ ಸರಿಯಾಗಿದ್ದರೆ ನಡೆಯುತ್ತೆ. ಇಲ್ಲದಿದ್ದರೆ ‘ನಡೆಯುತ್ತೆ ಬಿಡು’.

ಈ ಎರಡು ಮಾತಿಗೂ ಎಷ್ಟು ದೂರ ಅನ್ನೋದು ಕನ್ನಡ ಬಲ್ಲವರಿಗೆ ಹೇಳಬೇಕಾಗಿಲ್ಲ. ಮೊದಲನೆಯದು ಯಂತ್ರದ ಬಗ್ಗೆ ಹೇಳೋ ಮಾತು. ಎರಡನೆಯದು ನಿಮ್ಮ ತಾಳ್ಮೆಯ ಬಗ್ಗೆ ಹೇಳೋ ಮಾತು. ಸಾಂಬಾರಿಗೆ ಉಪ್ಪು ಕಮ್ಮಿಯಾದಾಗ, ಕುರ್ಚಿಯ ಕಾಲು ಅಲುಗಾಡುವಾಗ ನಾವು ‘ನಡೆಯುತ್ತೆ ಬಿಡು’ ಅಂತೀವಿ. ಆಫೀಸಿನಲ್ಲಿ ಟೆಸ್ಟರ್ ಬಗ್ ಹಾಕಿದ ಕೂಡಲೇ ‘ನನ್ನ ಮಷೀನ್‌ನಲ್ಲಿ ನಡೀತಿದೆಯಲ್ಲ’ ಅಂತೀವಲ್ಲ, ಅದೂ ಇದೇ ಜಾತಿಯದು. ಲಿನಕ್ಸ್‌ನಲ್ಲಿ ವಿಆರ್ ಬಗ್ಗೆ ನನಗಿರುವ ತಕರಾರು ಅದು ನಡೆಯಲ್ಲ ಅಂತಲ್ಲ. ನಾವು ಈ ಎರಡು ಮಾತನ್ನು ಕಲಸಿಬಿಟ್ಟಿದ್ದೀವಿ ಅಂತ.

ಬೇರೆ ಕಡೆ ಕಲಸಿದರೆ ಅಂಥ ನಷ್ಟವಿಲ್ಲ. ಪ್ರಿಂಟರ್ ಮುಷ್ಕರ ಹೂಡಿದರೆ ಪಕ್ಕದ ಜೆರಾಕ್ಸ್ ಅಂಗಡಿಗೆ ಹೋಗ್ತೀವಿ. ವೈಫೈ ಕೈಕೊಟ್ಟರೆ ಮೊಬೈಲ್ ಹಾಟ್‌ಸ್ಪಾಟ್ ಇದೆ. ವಿಆರ್ ಹಾಗಲ್ಲ, ಅದು ಕೂರುವುದು ಮುಖದ ಮೇಲೆ. ಪರದೆ ಸೆಕೆಂಡಿಗೆ 90 ಸಲ ಬದಲಾಗಬೇಕು ಅಂದರೆ ಪ್ರತಿ ಚಿತ್ರಕ್ಕೆ ಸಿಗುವುದು ಸುಮಾರು 11 ಮಿಲಿಸೆಕೆಂಡ್. ಅಷ್ಟರೊಳಗೆ ನಿಮ್ಮ ತಲೆ ಎಲ್ಲಿದೆ ಅಂತ ಅಳೆದು, ಎರಡೂ ಕಣ್ಣಿಗೆ ಬೇರೆ ಬೇರೆ ಚಿತ್ರ ಬರೆದು, ಮಸೂರದ ವಕ್ರಕ್ಕೆ ತಕ್ಕಂತೆ ತಿದ್ದಿ ಕಳಿಸಬೇಕು. ತಡವಾದರೆ ಕಣ್ಣು ಒಂದು ಹೇಳುತ್ತೆ, ಒಳಗಿವಿ ಇನ್ನೊಂದು ಹೇಳುತ್ತೆ, ಹೊಟ್ಟೆ ತೊಳಸಲು ಶುರುವಾಗುತ್ತೆ. ಘಾಟಿ ರಸ್ತೆಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರಿಗೆ ಇದು ಗೊತ್ತು. ಅಂದರೆ ಅರ್ಧ ನಡೆಯುವ ವಿಆರ್ ಪೂರ್ತಿ ನಡೆಯದ ವಿಆರ್‌ಗಿಂತ ಕೆಟ್ಟದ್ದು. ಇಲ್ಲಿ ‘ಬಿಡು’ ಅನ್ನೋದಕ್ಕೆ ಜಾಗವೇ ಇಲ್ಲ.

ಹಾಗಾದರೆ ಇದು ತಾಂತ್ರಿಕ ಸೋಲಾ? ನನಗೆ ಹಾಗನ್ನಿಸಲ್ಲ. ಇತಿಹಾಸ ನೋಡಿ. 2012ರಲ್ಲಿ ಆಕ್ಯುಲಸ್ ಕಿಕ್‌ಸ್ಟಾರ್ಟರ್‌ನಲ್ಲಿ ಎರಡೂವರೆ ಲಕ್ಷ ಡಾಲರ್ ಕೇಳಿತು. ಜನ ಕೊಟ್ಟಿದ್ದು ಸುಮಾರು 24 ಲಕ್ಷ. ಆ ದುಡ್ಡಿನಿಂದ ಹುಟ್ಟಿದ ಡೆವಲಪರ್ ಕಿಟ್‌ಗಳಿಗೆ ಲಿನಕ್ಸ್ ಎಸ್‌ಡಿಕೆ ಕೂಡ ಬಂತು. 2014ರ ಮಾರ್ಚ್‌ನಲ್ಲಿ ಫೇಸ್‌ಬುಕ್ ಆ ಕಂಪನಿಯನ್ನು ಕೊಳ್ಳುವುದಾಗಿ ಪ್ರಕಟಿಸಿತು. 2015ರ ಮೇ ತಿಂಗಳಲ್ಲಿ ‘ಸದ್ಯಕ್ಕೆ ಮ್ಯಾಕ್ ಮತ್ತು ಲಿನಕ್ಸ್ ಕೆಲಸ ನಿಲ್ಲಿಸಿದ್ದೀವಿ, ಗಮನವೆಲ್ಲ ವಿಂಡೋಸ್ ಮೇಲೆ’ ಅನ್ನೋ ಹೇಳಿಕೆ ಬಂತು. 2016ರ ಮಾರ್ಚ್‌ನಲ್ಲಿ ರಿಫ್ಟ್ ಅಂಗಡಿಗೆ ಬಂದಾಗ ಅದು ವಿಂಡೋಸ್‌ಗೆ ಮಾತ್ರ. ‘ಸದ್ಯಕ್ಕೆ’ ಅನ್ನೋ ಪದದ ಆಯಸ್ಸು ಎಷ್ಟು ಅಂತ ಸರ್ಕಾರಿ ಕಚೇರಿ ಮೆಟ್ಟಿಲು ಹತ್ತಿದವರಿಗೆ ಗೊತ್ತಿರುತ್ತೆ. ಆ ‘ಸದ್ಯ’ ಇನ್ನೂ ಮುಗಿದಿಲ್ಲ.

ತಮಾಷೆ ಇರೋದು ಇದರ ಮುಂದೆ. 2019ರಲ್ಲಿ ಅದೇ ಕಂಪನಿ ಕ್ವೆಸ್ಟ್ ತಂದಿತು, ಪಿಸಿ ಇಲ್ಲದೆಯೂ ತಾನೇ ನಡೆಯುವ ಹೆಡ್‌ಸೆಟ್. ಅದರೊಳಗೆ ಓಡುವುದು ಆಂಡ್ರಾಯ್ಡ್, ಆಂಡ್ರಾಯ್ಡ್‌ನ ಬುಡದಲ್ಲಿರುವುದು ಲಿನಕ್ಸ್ ಕರ್ನಲ್. ಅಂದರೆ ಮುಖದ ಮೇಲೆ ಕೂತಿರುವುದೂ ಲಿನಕ್ಸ್, ಮೇಜಿನ ಮೇಲೆ ಇರುವುದೂ ಲಿನಕ್ಸ್. ಎರಡರ ನಡುವೆ ಕೇಬಲ್ ಹಾಕಿ ಮಾತಾಡಿಸಬೇಕು ಅಂದರೆ ಕಂಪನಿಯ ಅಧಿಕೃತ ತಂತ್ರಾಂಶಕ್ಕೆ ವಿಂಡೋಸೇ ಬೇಕು! ಅಣ್ಣತಮ್ಮಂದಿರು ಮಾತಾಡಲು ಮಧ್ಯಸ್ಥಗಾರ ಬೇಕಾದ ಹಾಗೆ. ಸಾಲದ್ದಕ್ಕೆ 2020ರಲ್ಲಿ ಬಂದ ಕ್ವೆಸ್ಟ್ 2ಕ್ಕೆ ಫೇಸ್‌ಬುಕ್ ಖಾತೆಯಿಂದ ಲಾಗಿನ್ ಆಗುವುದು ಕಡ್ಡಾಯವಾಗಿತ್ತು. 2022ರಲ್ಲಿ ಆ ನಿಯಮ ತೆಗೆದು ಮೆಟಾ ಖಾತೆ ತಂದರು. ಬಾಗಿಲು ಅದೇ, ಬೋರ್ಡು ಬೇರೆ.

ಇನ್ನೊಂದು ಕಡೆ ವಾಲ್ವ್ ಇದೆ. ಕೊಡಬೇಕಾದ ಮೆಚ್ಚುಗೆ ಕೊಟ್ಟೇ ಮುಂದೆ ಹೋಗೋಣ. ಎಚ್‌ಟಿಸಿ ಜೊತೆ ಸೇರಿ 2016ರಲ್ಲಿ ವೈವ್ ತಂದ ಈ ಕಂಪನಿ, 2017ರ ಫೆಬ್ರುವರಿಯಲ್ಲಿ ಸ್ಟೀಮ್‌ವಿಆರ್‌ನ ಲಿನಕ್ಸ್ ಬೀಟಾ ಬಿಟ್ಟಿತು. ಅಷ್ಟೇ ಮಾಡಿ ಕೈತೊಳೆದುಕೊಳ್ಳಲಿಲ್ಲ. ಲಿನಕ್ಸ್‌ನಲ್ಲಿ ಹೆಡ್‌ಸೆಟ್ ಸಿಕ್ಕಿಸಿದರೆ ಡೆಸ್ಕ್‌ಟಾಪ್ ಅದನ್ನು ಇನ್ನೊಂದು ಮಾನಿಟರ್ ಅಂದುಕೊಂಡು ಅದರ ಮೇಲೂ ವಾಲ್‌ಪೇಪರ್ ಹರಡುತ್ತಿತ್ತು. ಇದನ್ನು ಸರಿಮಾಡಲು ಎಕ್ಸ್ ವಿಂಡೋ ವ್ಯವಸ್ಥೆಯ ಹಳೆಯ ಕೈ ಕೀತ್ ಪ್ಯಾಕರ್ಡ್ ಅವರಿಗೆ ವಾಲ್ವ್ ಕೆಲಸ ಒಪ್ಪಿಸಿತು. ಅವರು ತಂದ ಪರಿಹಾರದ ಹೆಸರೇ ಲೀಸ್. ಬೆಂಗಳೂರಿನಲ್ಲಿ ಮನೆ ಲೀಸ್‌ಗೆ ಹಾಕಿಕೊಂಡವರಿಗೆ ಇದು ಥಟ್ಟನೆ ಅರ್ಥವಾಗುತ್ತೆ: ಮಾಲೀಕ ಡೆಸ್ಕ್‌ಟಾಪ್, ಬಾಡಿಗೆದಾರ ವಿಆರ್ ತಂತ್ರಾಂಶ. ಲೀಸ್ ಮುಗಿಯುವವರೆಗೆ ಮಾಲೀಕ ಆ ಪರದೆಯ ಬಾಗಿಲು ಬಡಿಯುವಂತಿಲ್ಲ. 2018ರ ಜನವರಿಯಲ್ಲಿ ಬಂದ ಕರ್ನಲ್ 4.15ರಲ್ಲಿ ಇದು ಸೇರಿತು. ಅದೇ ವರ್ಷ ಆಗಸ್ಟ್‌ನಲ್ಲಿ ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಬಂತು. 2019ರಲ್ಲಿ ಇಂಡೆಕ್ಸ್ ಹೆಡ್‌ಸೆಟ್, 2020ರ ಮಾರ್ಚ್‌ನಲ್ಲಿ ‘ಹಾಫ್-ಲೈಫ್: ಅಲಿಕ್ಸ್’, ಎರಡು ತಿಂಗಳಿಗೆ ಅದರ ಲಿನಕ್ಸ್ ಆವೃತ್ತಿ. ವಿಆರ್‌ನ ಅತ್ಯುತ್ತಮ ಆಟಗಳ ಸಾಲಿಗೆ ಸೇರುವಂಥದ್ದು ಲಿನಕ್ಸ್‌ಗೆ ನೇರವಾಗಿ ಬಂದಿದೆ ಅನ್ನೋದು ಸಣ್ಣ ಮಾತಲ್ಲ.

ಆದರೆ ಮದುವೆ ಮಾಡಿದ ಮೇಲೆ ಸಂಸಾರವನ್ನೂ ನೋಡಬೇಕಲ್ಲ. ಅಲ್ಲಿ ವಾಲ್ವ್ ಸೋತಿದೆ. 999 ಡಾಲರ್‌ನ ಇಂಡೆಕ್ಸ್ ಕಿಟ್ ನಮ್ಮ ದೇಶದಲ್ಲಿ ಅಧಿಕೃತವಾಗಿ ಮಾರಾಟಕ್ಕೆ ಬರಲೇ ಇಲ್ಲ, ಅಮೆರಿಕದಿಂದ ಬರುವ ಯಾರದೋ ಸೂಟ್‌ಕೇಸೇ ಗತಿ. ಹಾಗೆ ತರಿಸಿಕೊಂಡವರಿಗೂ ಲಿನಕ್ಸ್‌ನಲ್ಲಿ ಸಿಕ್ಕಿದ್ದು ಮಲತಾಯಿ ಪ್ರೀತಿ. ಗೋಡೆಗೆ ಹಾಕುವ ಬೇಸ್ ಸ್ಟೇಷನ್‌ಗಳು ಆಟ ಮುಗಿದ ಮೇಲೆ ತಾವಾಗಿಯೇ ನಿದ್ದೆಗೆ ಹೋಗುವ ಸೌಲಭ್ಯ ವಿಂಡೋಸ್‌ನವರಿಗಿತ್ತು. ಲಿನಕ್ಸ್‌ನವರು ಬಹುಕಾಲ ಯಾರೋ ಬರೆದ ಸ್ಕ್ರಿಪ್ಟ್ ಹುಡುಕಬೇಕಿತ್ತು, ಇಲ್ಲವೇ ಎದ್ದು ಹೋಗಿ ಪ್ಲಗ್ ಕೀಳಬೇಕಿತ್ತು. ಗ್ರಾಫಿಕ್ಸ್ ಕಾರ್ಡಿನ ಸರದಿಯಲ್ಲಿ ವಿಆರ್‌ಗೆ ಮೊದಲ ಸ್ಥಾನ ಸಿಗಬೇಕಾದರೆ ವಿಶೇಷ ಅನುಮತಿ ಬೇಕು, ಅದಕ್ಕೆ ಸ್ಟೀಮ್‌ವಿಆರ್ ಆಡಳಿತಗಾರನ ಪಾಸ್‌ವರ್ಡ್ ಕೇಳುತ್ತೆ. ಗೇಮ್ ಆಡಲು ರೂಟ್ ಪಾಸ್‌ವರ್ಡ್ ಯಾಕೆ ಅಂತ ಹೆದರಿ ‘ಬೇಡ’ ಒತ್ತಿದವರಿಗೆ ಚಿತ್ರ ನಡುಗುತ್ತೆ. ನಡುಕದ ಕಾರಣ ಆ ‘ಬೇಡ’ ಇರಬಹುದು ಅಂತ ಅವರಿಗೆ ಹೊಳೆಯುವುದಾದರೂ ಹೇಗೆ?

ದೋಷವೆಲ್ಲ ವಾಲ್ವ್‌ನದೂ ಅಲ್ಲ. ಎಕ್ಸ್‌ನಿಂದ ವೇಲ್ಯಾಂಡ್‌ಗೆ ಮನೆ ಬದಲಾಯಿಸುವಾಗ ಲೀಸ್ ಕರಾರನ್ನು ಮತ್ತೆ ಬರೆಯಬೇಕಾಯಿತು. ಕೆಡಿಇ ಬೇಗ ಬರೆಯಿತು. ಉಬುಂಟು ಹಾಕಿಕೊಂಡವರೆಲ್ಲರಿಗೂ ತಾನಾಗಿ ಬರುವ ಗ್ನೋಮ್ ತೀರಾ ತಡಮಾಡಿತು. ಅಷ್ಟೂ ಕಾಲ, ಹೊಸದಾಗಿ ಬಂದು ಹೆಡ್‌ಸೆಟ್ ಸಿಕ್ಕಿಸಿ ಸೋತವರಿಗೆ ನಮ್ಮವರು ಕೊಟ್ಟ ಸಲಹೆ ‘ಡೆಸ್ಕ್‌ಟಾಪ್ ಬದಲಾಯಿಸಿ’. ಬಾಡಿಗೆ ಮನೆಯ ನಲ್ಲಿ ಸೋರುತ್ತಿದೆ ಅಂದರೆ ‘ಊರು ಬದಲಾಯಿಸಿ’ ಅಂದ ಹಾಗೆ.

ಇಷ್ಟು ಬೈದ ಮೇಲೆ, ಇದೆಲ್ಲ ಯಾಕೆ ಬೇಕು, ವಿಂಡೋಸ್ ಹಾಕಿಕೊಂಡು ಸುಮ್ಮನೆ ಆಡಬಾರದಾ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನನ್ನ ಹತ್ತಿರ ಎರಡು ಉತ್ತರ ಇವೆ.

ಮೊದಲನೆಯದು ಒಡೆತನದ್ದು. 2017ರಲ್ಲಿ ಮೈಕ್ರೋಸಾಫ್ಟ್ ‘ವಿಂಡೋಸ್ ಮಿಕ್ಸ್‌ಡ್ ರಿಯಾಲಿಟಿ’ ಅಂತ ಶುರುಮಾಡಿತು. ಏಸರ್, ಡೆಲ್, ಎಚ್‌ಪಿ, ಲೆನೊವೊ, ಸ್ಯಾಮ್‌ಸಂಗ್ ಎಲ್ಲರೂ ಹೆಡ್‌ಸೆಟ್ ಮಾಡಿದರು. 2023ರ ಡಿಸೆಂಬರ್‌ನಲ್ಲಿ ‘ಇದನ್ನು ಕೈಬಿಡುತ್ತಿದ್ದೀವಿ’ ಅಂದಿತು. ಮರುವರ್ಷದ ವಿಂಡೋಸ್ 11ರ 24ಎಚ್2 ಅಪ್‌ಡೇಟ್‌ನಲ್ಲಿ ಅದನ್ನು ತೆಗೆದೇ ಹಾಕಿತು. ಪರದೆ ಚೆನ್ನಾಗಿದೆ, ಮಸೂರ ಚೆನ್ನಾಗಿದೆ, ಕ್ಯಾಮೆರಾ ಚೆನ್ನಾಗಿದೆ, ಆದರೆ ಅಪ್‌ಡೇಟ್ ಹಾಕಿಕೊಂಡ ದಿನ ಹೆಡ್‌ಸೆಟ್ ಪ್ಲಾಸ್ಟಿಕ್ ಡಬ್ಬಿ.

ನಾನು ಹುಟ್ಟಿ ಬೆಳೆದ ಕಡೆ ಬೋರ್‌ವೆಲ್ ಮೋಟಾರ್ ಸುಟ್ಟರೆ ಯಾರೂ ಕಂಪನಿಗೆ ಫೋನ್ ಮಾಡಲ್ಲ. ಮೇಲೆತ್ತಿ, ಟೆಂಪೋಗೆ ಹಾಕಿಕೊಂಡು, ಪೇಟೆಯ ರಿವೈಂಡಿಂಗ್ ಅಂಗಡಿಗೆ ಒಯ್ಯುತ್ತಾರೆ. ಮೋಟಾರ್ ಮಾಡಿದ ಕಂಪನಿ ಮುಚ್ಚಿ ಹತ್ತು ವರ್ಷವಾಗಿದ್ದರೂ ಆ ಅಂಗಡಿಯವನು ತಾಮ್ರದ ತಂತಿ ಸುತ್ತಿ ಕೊಡುತ್ತಾನೆ. ಯಾಕೆಂದರೆ ಮೋಟಾರಿನೊಳಗೆ ಅವನಿಂದ ಬಚ್ಚಿಟ್ಟದ್ದು ಏನೂ ಇಲ್ಲ. ವಿಆರ್‌ನಲ್ಲಿ ಆ ರಿವೈಂಡಿಂಗ್ ಅಂಗಡಿಯ ಹೆಸರು ಮೊನಾಡೊ. ಕೊಲಾಬೊರಾ ಅನ್ನೋ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಮುಕ್ತ ತಂತ್ರಾಂಶ ಇದು. ಯಾವ ಹೆಡ್‌ಸೆಟ್ ಆದರೂ ಆಟದ ಜೊತೆ ಒಂದೇ ಭಾಷೆಯಲ್ಲಿ ಮಾತಾಡಲಿ ಅಂತ ಕ್ರೋನೋಸ್ ಒಕ್ಕೂಟ ಅದೇ ವರ್ಷ ಹೊರತಂದ ಓಪನ್‌ಎಕ್ಸ್‌ಆರ್ ಮಾನದಂಡದ ಮೇಲೆ ಕಟ್ಟಿದ್ದು. ಮೈಕ್ರೋಸಾಫ್ಟ್ ಕೈಬಿಟ್ಟ ಆ ಹೆಡ್‌ಸೆಟ್‌ಗಳಿಗೆ ಮೊನಾಡೊದಲ್ಲಿ ಡ್ರೈವರ್ ಇದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಬಸಾಲ್ಟ್ ಅನ್ನೋ ತಂತ್ರಾಂಶದ ಸಹಾಯದಿಂದ, ಹೆಡ್‌ಸೆಟ್‌ನ ಕ್ಯಾಮೆರಾ ನೋಡಿದ್ದರ ಮೇಲೆ ತಲೆಯ ಸ್ಥಾನವನ್ನೂ ಲೆಕ್ಕ ಹಾಕುತ್ತೆ. ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ಗಳ ವಿಷಯದಲ್ಲಿ ಅಷ್ಟು ಹಿಡಿತವಿಲ್ಲ, ಅದನ್ನೂ ಹೇಳಿಬಿಡ್ತೀನಿ. ಈಚೆಗೆ ವಿಂಡೋಸ್‌ನಲ್ಲೂ ಈ ಹೆಡ್‌ಸೆಟ್‌ಗಳಿಗೆ ಮರುಜೀವ ಬಂದಿದೆ. ಅಲ್ಲೂ ಜೀವ ಕೊಟ್ಟಿದ್ದು ಬಿಡುವಿನ ವೇಳೆಯಲ್ಲಿ ಡ್ರೈವರ್ ಬರೆದ ಒಬ್ಬ ಎಂಜಿನಿಯರ್.

ಇದೇ ದಾರಿಯಲ್ಲಿ ಕ್ವೆಸ್ಟ್‌ನವರಿಗೂ ಬಾಗಿಲು ತೆರೆದಿದೆ. ಎಎಲ್‌ವಿಆರ್, ವೈವರ್ನ್ ಅನ್ನೋ ಎರಡು ಮುಕ್ತ ತಂತ್ರಾಂಶಗಳು ಲಿನಕ್ಸ್ ಪಿಸಿಯಿಂದ ಕ್ವೆಸ್ಟ್‌ಗೆ ವೈಫೈ ಮೂಲಕ ಆಟ ಕಳಿಸುತ್ತವೆ. ಮೊದಲನೆಯದು ಸ್ಟೀಮ್‌ವಿಆರ್ ಜೊತೆ ಕೆಲಸ ಮಾಡುತ್ತೆ, ಎರಡನೆಯದು ಮೊನಾಡೊ ಮೇಲೆ ನಿಂತಿದೆ. ಕಂಪನಿ ಕಟ್ಟದ ಸೇತುವೆಯನ್ನು ಊರಿನವರು ಅಡಿಕೆ ದಬ್ಬೆ ಹಾಸಿ ಕಟ್ಟಿಕೊಂಡ ಹಾಗೆ.

ಎರಡನೆಯ ಉತ್ತರ ಇನ್ನೂ ಹತ್ತಿರದ್ದು, ನಿಮ್ಮ ಮೈಗೇ ಸಂಬಂಧಿಸಿದ್ದು. 2023ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ‘ಬೀಟ್ ಸೇಬರ್’ ಆಡುವ 50,000ಕ್ಕೂ ಹೆಚ್ಚು ಜನರ ತಲೆ ಮತ್ತು ಕೈಗಳ ಚಲನೆಯನ್ನು ಮಾತ್ರ ನೋಡಿದರು. ಹೆಸರಿಲ್ಲ, ಮುಖವಿಲ್ಲ. ಬರೀ 100 ಸೆಕೆಂಡಿನ ಚಲನೆಯಿಂದ ‘ಇದು ಇಂಥವರೇ’ ಅಂತ 94 ಪ್ರತಿಶತ ಸರಿಯಾಗಿ ಗುರುತಿಸಿದರು. ದೂರದಿಂದ ನಡಿಗೆ ನೋಡಿಯೇ ‘ಅದು ಇಂಥವರ ಮಗ’ ಅನ್ನುವ ಅಜ್ಜಿಯರು ನಮ್ಮೂರಲ್ಲಿ ಇದ್ದರು. ಈಗ ಆ ಕಣ್ಣು ಸರ್ವರ್‌ಗೆ ಬಂದಿದೆ. ಅಜ್ಜಿ ಅದನ್ನು ಜಾಹೀರಾತು ಕಂಪನಿಗೆ ಮಾರುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಲಿನಕ್ಸ್ ಹಾಕಿದ ಮಾತ್ರಕ್ಕೆ ಈ ಅಪಾಯ ಮಾಯವಾಗಲ್ಲ. ಆನ್‌ಲೈನ್ ಆಟ ನಿಮ್ಮ ಚಲನೆಯನ್ನು ತನ್ನ ಸರ್ವರ್‌ಗೆ ಕಳಿಸಿಯೇ ಕಳಿಸುತ್ತೆ. ಆದರೆ ಕ್ಯಾಮೆರಾಕ್ಕೂ ಆಟಕ್ಕೂ ನಡುವೆ ಕೂತಿರುವ ತಂತ್ರಾಂಶವನ್ನು ಯಾರು ಬೇಕಾದರೂ ತೆರೆದು ಓದಬಹುದು. ನನ್ನ ಮನೆಯ ಹಾಲ್‌ನ ಮೂಲೆಮೂಲೆ ಅಳೆಯುವ ಯಂತ್ರದ ವಿಷಯದಲ್ಲಿ ಇಷ್ಟನ್ನಾದರೂ ಕೇಳುವುದು ಅತಿಯಾಸೆಯಲ್ಲ.

ಇಷ್ಟು ಬಲವಾದ ಕಾರಣ ಇದ್ದರೂ ಜನ ಯಾಕೆ ಕಮ್ಮಿ? ಸ್ಟೀಮ್ ಪ್ರತಿ ತಿಂಗಳು ಪ್ರಕಟಿಸುವ ಸಮೀಕ್ಷೆಯಲ್ಲಿ ಈಚೆಗೆ ಲಿನಕ್ಸ್‌ನವರು ನೂರಕ್ಕೆ ಮೂವರ ಆಸುಪಾಸು, ಹೆಡ್‌ಸೆಟ್ ಇರುವವರು ನೂರಕ್ಕೆ ಇಬ್ಬರ ಆಸುಪಾಸು. ಸುಮ್ಮನೆ ಗುಣಿಸಿ ನೋಡಿದರೆ ಹತ್ತು ಸಾವಿರಕ್ಕೆ ಆರು ಜನ. ಆರು ಜನರಿಗೆ ಯಾವ ಕಂಪನಿ ಊಟ ಬಡಿಸುತ್ತೆ? ಹಾಗಂತ ದಾರಿ ಮುಚ್ಚಿಲ್ಲ. ‘ವಿಆರ್‌ಚಾಟ್’ 2022ರಲ್ಲಿ ಮೋಸ ತಡೆಯುವ ತಂತ್ರಾಂಶ ಸೇರಿಸಿತು. ಅಂಥದ್ದು ಬಂದಾಗ ಎಷ್ಟೋ ಆಟಗಳು ಲಿನಕ್ಸ್‌ನಲ್ಲಿ ನಿಂತೇ ಹೋಗುತ್ತವೆ. ಇವರು ಪ್ರೋಟಾನ್‌ಗೂ ಅವಕಾಶ ಇಟ್ಟುಕೊಂಡರು, ಇವತ್ತಿಗೂ ನಡೆಯುತ್ತೆ. ಮನಸ್ಸಿದ್ದರೆ ಸಾಧ್ಯ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. 2025ರ ನವೆಂಬರ್‌ನಲ್ಲಿ ವಾಲ್ವ್ ‘ಸ್ಟೀಮ್ ಫ್ರೇಮ್’ ಘೋಷಿಸಿದೆ. ಅದರೊಳಗೆ ಓಡುವುದೇ ಸ್ಟೀಮ್ ಓಎಸ್, ಅಂದರೆ ಲಿನಕ್ಸ್. ಈ ಸಲ ಲಿನಕ್ಸ್ ಅತಿಥಿಯಲ್ಲ, ಮನೆಯವನು.

ಆದರೆ ಬರೀ ಹಾರ್ಡ್‌ವೇರ್ ಬಂದರೆ ಸಾಲದು, ನಾವೂ ಮಾತು ಬದಲಾಯಿಸಬೇಕು. ಕೇಳಿದವರಿಗೆ ಸತ್ಯ ಹೇಳೋಣ. ಇಂಡೆಕ್ಸ್ ಅಥವಾ ವೈವ್ ಇದೆ, ಎಎಂಡಿ ಕಾರ್ಡ್ ಇದೆ, ಕೆಡಿಇ ಇದೆ ಅಂದರೆ ನೆಮ್ಮದಿಯಾಗಿ ಆಡಿ. ಕ್ವೆಸ್ಟ್ ಇದೆಯಾ, ಒಂದು ಭಾನುವಾರ ಎತ್ತಿಟ್ಟುಕೊಳ್ಳಿ, ಒಳ್ಳೆ ರೂಟರ್ ಇರಲಿ. ಹಳೆಯ ಮಿಕ್ಸ್‌ಡ್ ರಿಯಾಲಿಟಿ ಹೆಡ್‌ಸೆಟ್ ಇದೆಯಾ, ಎಸೆಯಬೇಡಿ, ಆದರೆ ಅದನ್ನು ಪ್ರಯೋಗ ಅಂತಲೇ ತಿಳಿಯಿರಿ. ಏನೂ ಇಲ್ಲ, ಸಂಜೆ ಅರ್ಧ ಗಂಟೆ ಆಡಿದರೆ ಸಾಕು ಅನ್ನೋರು ಈಗಲೇ ದುಡ್ಡು ಹಾಕಬೇಡಿ, ಕಾಯಿರಿ. ಹೀಗೆ ಹೇಳಿದರೆ ಲಿನಕ್ಸ್‌ನ ಮರ್ಯಾದೆ ಹೋಗಲ್ಲ. ನಡೆಯುತ್ತೆ ಅಂತ ಕರೆದು, ಹೊಟ್ಟೆ ತೊಳಸಿ ವಾಪಸ್ ಕಳಿಸಿದರೆ ಹೋಗುತ್ತೆ, ಆ ಮನುಷ್ಯ ಮತ್ತೆ ಈ ಕಡೆ ತಲೆ ಹಾಕಲ್ಲ.

ನನ್ನ ಅಳತೆಗೋಲು ಇಷ್ಟೇ. ಟರ್ಮಿನಲ್ ಅಂದರೆ ಬಸ್ ನಿಲ್ದಾಣ ಅಂದುಕೊಳ್ಳುವ ಒಬ್ಬರ ಕೈಗೆ ಹೆಡ್‌ಸೆಟ್ ಕೊಟ್ಟು ಪಕ್ಕದ ಕೋಣೆಗೆ ಹೋಗಿ ಕೂರಬೇಕು. ಹತ್ತು ನಿಮಿಷ ಅವರು ನಮ್ಮನ್ನು ಕೂಗದೆ ಆಡಿದರೆ, ಅದು ನಡೆಯುತ್ತೆ. ಅಲ್ಲಿಯವರೆಗೆ ಬೇರೆ ಪದ ಹುಡುಕಿಕೊಳ್ಳೋಣ.