ನೆರಳು ಹಿಡಿಯುವವರ ಕಸುಬು

ಮನೆಯಲ್ಲಿ ಅತಿ ಹೆಚ್ಚು ಸಲ ಬಿಡಿಸಿ ನೋಡುವ ಪುಸ್ತಕ ಯಾವುದು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಪ್ರಾಮಾಣಿಕವಾಗಿ ಕೊಡಬಹುದಾದ ಉತ್ತರ ಒಂದೇ: ಮದುವೆಯ ಆಲ್ಬಂ. ಅಕ್ಷರ ಬಾರದ ಅಜ್ಜಿಯೂ ಅದನ್ನು ಓದುತ್ತಾಳೆ. ನೆಂಟರು ಬಂದಾಗ ಚಹಾದ ಹಿಂದೆಯೇ ಅದು ಬೀರುವಿನಿಂದ ಹೊರಬರುತ್ತದೆ. ಕತೆ, ಕವನ, ನಾಟಕ, ಸಿನಿಮಾ ಎಲ್ಲದಕ್ಕೂ ವಿಮರ್ಶೆ ಬರೆಯುವ ನಾವು, ಈ ಪುಸ್ತಕಕ್ಕೂ ಒಬ್ಬ ಕರ್ತೃ ಇದ್ದಾನೆ, ಅವನಿಗೂ ಒಂದು ಶೈಲಿ, ಒಂದು ದೃಷ್ಟಿ, ಒಂದಷ್ಟು ದೋಷಗಳು ಇರುತ್ತವೆ ಎಂದು ಯೋಚಿಸಿದ್ದು ಕಡಿಮೆ. ಅವನ ಹೆಸರು ಕೊನೆಯ ಪುಟದ ಮೂಲೆಯಲ್ಲಿ, ದೂರವಾಣಿ ಸಂಖ್ಯೆಯ ಜೊತೆ ಸಣ್ಣಕ್ಷರಗಳಲ್ಲಿರುತ್ತದೆ. ಆ ಮೂಲೆಯಿಂದ ಅವನನ್ನು ತುಸು ಮುಂದಕ್ಕೆ ಕರೆದು ಅವನ ಕೆಲಸವನ್ನು ಪರಿಶೀಲಿಸುವುದು ಈ ಬರಹದ ಉದ್ದೇಶ.

ಕರ್ನಾಟಕಕ್ಕೆ ದೊಡ್ಡ ಛಾಯಾಗ್ರಾಹಕರ ಕೊರತೆಯೇನಿಲ್ಲ. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಟಿ.ಎಸ್. ಸತ್ಯನ್ ಸಾಮಾನ್ಯ ಜನರ ಬದುಕನ್ನು ಕ್ಯಾಮರಾದಲ್ಲಿ ಹಿಡಿದು 1977ರಲ್ಲಿ ಪದ್ಮಶ್ರೀ ಪಡೆದರು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರ ಕಾಡುಪ್ರಾಣಿಗಳ ಚಿತ್ರಗಳು ಹೊರದೇಶಗಳಲ್ಲೂ ಮನ್ನಣೆ ಗಳಿಸಿದವು. ಇವರೆಲ್ಲರ ಬಗ್ಗೆ ನಮಗೆ ಗೌರವವಿದೆ. ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ಸತ್ಯನ್ ತಮ್ಮ ಜನರನ್ನು ತಾವೇ ಹುಡುಕಿಕೊಂಡು ಹೋದರು. ಹೋಬಳಿ ಊರಿನ ಸ್ಟುಡಿಯೋದವನನ್ನು ಜನರೇ ಹುಡುಕಿಕೊಂಡು ಬರುತ್ತಾರೆ, ದುಡ್ಡು ಕೊಡುತ್ತಾರೆ, ತಾವು ಹೇಗೆ ಕಾಣಬೇಕೆಂದು ಹೇಳುತ್ತಾರೆ. ಸತ್ಯನ್ ಚಿತ್ರದಲ್ಲಿ ಇರುವುದು ಅವರು ಕಂಡ ಬಡವ. ಸ್ಟುಡಿಯೋ ಚಿತ್ರದಲ್ಲಿ ಇರುವುದು ಬಡವ ತನ್ನನ್ನು ತಾನು ಕಾಣಬಯಸಿದ ರೀತಿ. ಎರಡನೆಯದೂ ನಮ್ಮ ಸಮಾಜದ ದಾಖಲೆಯೇ.

ಕುಣಿಗಲ್‌ನಿಂದ ಮದ್ದೂರಿಗೆ ಹೋಗುವ ದಾರಿಯಲ್ಲಿ ಹುಲಿಯೂರುದುರ್ಗ ಸಿಗುತ್ತದೆ. ಊರ ಮೇಲೆ ಕೋಟೆಯ ಕಲ್ಲುಬೆಟ್ಟ, ಕೆಳಗೆ ಸುತ್ತಮುತ್ತಲ ಹಳ್ಳಿಗಳಿಗೆಲ್ಲ ಬೇಕಾದ ಪೇಟೆ. ಇಂತಹ ಊರಿನಲ್ಲಿ ಫೋಟೋಗ್ರಾಫರ್ ಎಂದರೆ ಮದುವೆಗೆ ಬರುವವನು ಮಾತ್ರವಲ್ಲ. ಪರೀಕ್ಷೆಯ ಅರ್ಜಿಗೆ ಮಕ್ಕಳ ಮುಖ, ಬ್ಯಾಂಕಿನ ಸಾಲಕ್ಕೆ ರೈತನ ಮುಖ, ವಿಮೆಗಾಗಿ ಕಿವಿಯ ಓಲೆ ಕಾಣುವಂತೆ ಹಸುವಿನ ಮುಖ, ಅದರ ಪಕ್ಕದಲ್ಲಿ ಮಾಲೀಕ, ಹಜ್‌ಗೆ ಹೊರಟವರ ಮುಖ, ಎಲ್ಲ ಅವನ ಪಾಲಿಗೆ. ನಾಮಕರಣ, ಅಖೀಖಾ, ಸಂಘದ ವಾರ್ಷಿಕೋತ್ಸವ, ಸಮುದಾಯ ಭವನದ ಉದ್ಘಾಟನೆ ಅವನಿಲ್ಲದೆ ನಡೆಯುವುದಿಲ್ಲ. ಸಾವು ಸಂಭವಿಸಿದ ಮನೆಯವರು ಹಳೆಯ ಗ್ರೂಪ್ ಫೋಟೋವೊಂದನ್ನು ತಂದು, ಮೂರನೇ ಸಾಲಿನಲ್ಲಿ ಕಡಲೆಕಾಳಿನಷ್ಟು ಕಾಣುವ ಮುಖವೊಂದನ್ನು ತೋರಿಸಿ, ಇದನ್ನು ದೊಡ್ಡದು ಮಾಡಿಕೊಡಿ ಎನ್ನುತ್ತಾರೆ. ಪಕ್ಕದವನ ಭುಜವನ್ನು ಅಳಿಸಿ, ಮಸುಕಾದ ಕಣ್ಣಿಗೆ ಗೆರೆ ತಿದ್ದಿ, ಒಬ್ಬ ಮನುಷ್ಯನನ್ನು ಗುಂಪಿನಿಂದ ಬಿಡಿಸಿ ಮನೆಯವರ ಕೈಗೆ ಕೊಡುವ ಈ ಕೆಲಸಕ್ಕೆ ಯಾವ ಪ್ರಶಸ್ತಿಯೂ ಇಲ್ಲ.

ಈ ಕಸುಬಿಗೆ ಎರಡು ಪಂಚಾಂಗಗಳು ಬೇಕು. ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ ಹಿಂದೂ ಮದುವೆಗಳು ನಿಲ್ಲುತ್ತವೆ. ನಮ್ಮಲ್ಲಿ ರಂಜಾನ್‌ನಲ್ಲಿ ಮದುವೆ ಅಪರೂಪ, ಮುಹರ್ರಮ್‌ನಲ್ಲಿ ಹಲವರು ಇಟ್ಟುಕೊಳ್ಳುವುದಿಲ್ಲ. ಹಿಜ್ರಿ ವರ್ಷ ಸುಮಾರು ಹನ್ನೊಂದು ದಿನ ಚಿಕ್ಕದಾದ್ದರಿಂದ ಈ ಬಿಡುವಿನ ತಿಂಗಳುಗಳು ವರ್ಷದಿಂದ ವರ್ಷಕ್ಕೆ ಸರಿಯುತ್ತಲೇ ಇರುತ್ತವೆ. ಆಷಾಢದಲ್ಲಿ ಕ್ಯಾಮರಾ ಕಪಾಟು ಸೇರದಂತೆ ಉಳಿಸುವುದು ನಿಕಾಹ್‌ಗಳು. ರಂಜಾನ್‌ನಲ್ಲಿ ಉಳಿಸುವುದು ಧಾರೆಗಳು. ಎರಡು ಸಮುದಾಯಗಳು ಒಂದನ್ನೊಂದು ಹೇಗೆ ಬದುಕಿಸುತ್ತವೆ ಎಂಬುದಕ್ಕೆ ಭಾಷಣಕ್ಕಿಂತ ಈ ಲೆಕ್ಕ ಹೆಚ್ಚು ಸ್ಪಷ್ಟ.

ಇನ್ನು ಆಲ್ಬಂಗಳ ಮಾತಿಗೆ ಬರೋಣ. ಈ ಭಾಗದ ಮನೆಗಳಲ್ಲಿ ನಾವು ನೋಡಿರುವ ಆಲ್ಬಂಗಳು ಸ್ಥೂಲವಾಗಿ ಮೂರು ಕಾಲಕ್ಕೆ ಸೇರಿದವು. ಮೊದಲನೆಯದು ಕಪ್ಪುಬಿಳುಪಿನ ಕಾಲ. ದೊಡ್ಡ ರೋಲ್‌ನಲ್ಲಿ ಹನ್ನೆರಡು ಚೌಕ ಚಿತ್ರಗಳು ಮಾತ್ರ. ಹನ್ನೆರಡರಲ್ಲಿ ಯಾರು ಇರಬೇಕು? ವರ, ಹಿರಿಯರು, ಊರಿನ ಪ್ರಮುಖರು, ಕೊನೆಗೆ ಎಲ್ಲರೂ ಸೇರಿದ ಒಂದು ಗ್ರೂಪ್. ಮುಂದೆ ಕುರ್ಚಿ ಯಾರಿಗೆ, ಹಿಂದೆ ಬೆಂಚಿನ ಮೇಲೆ ಯಾರು, ನೆಲದ ಮೇಲೆ ಯಾರು ಎಂಬುದರಲ್ಲಿ ಊರಿನ ಶ್ರೇಣಿಯೇ ಕಾಣುತ್ತದೆ. ಎರಡನೆಯದು ಬಣ್ಣದ ಫಿಲ್ಮಿನ ಕಾಲ. ಸಣ್ಣ ರೋಲ್‌ನಲ್ಲಿ ಮೂವತ್ತಾರು ಚಿತ್ರ ಬಂದವು. ಅಡುಗೆ ಮನೆಯ ಹೆಂಗಸರು, ಪಾತ್ರೆ ತೊಳೆಯುವವರು, ಚಪ್ಪರದ ಹುಡುಗರು ಅಂಚಿನಲ್ಲಾದರೂ ಕಾಣತೊಡಗಿದರು. ಮೂರನೆಯದು ಡಿಜಿಟಲ್ ಕಾಲ. ಸಾವಿರಾರು ಚಿತ್ರ ತೆಗೆಯಬಹುದು. ಹಾಗಾದರೆ ಎಲ್ಲರಿಗೂ ಜಾಗ ಸಿಗಬೇಕಿತ್ತಲ್ಲವೇ? ಸಿಗಲಿಲ್ಲ. ಹೊಸ ಆಲ್ಬಂನಲ್ಲಿ ವಧೂವರರೇ ನೂರು ಸಲ ಬರುತ್ತಾರೆ. ಗ್ರೂಪ್ ಫೋಟೋ ಕೊನೆಯ ಪುಟಗಳಿಗೆ ಅಂಚೆಚೀಟಿಯಂತೆ ಸೇರಿಹೋಗಿದೆ. ಹೆಚ್ಚು ಚಿತ್ರಗಳಿಂದ ಹೆಚ್ಚು ಜನ ಕಾಣುತ್ತಾರೆ ಎಂಬ ನಂಬಿಕೆ ಸುಳ್ಳಾಯಿತು.

ಕರಿಜ್ಮಾ ಎಂದು ಎಲ್ಲೆಡೆ ಕರೆಯಲಾಗುವ ದಪ್ಪ ಹಾಳೆಯ ಆಲ್ಬಂ ಬಗ್ಗೆ ನಮ್ಮ ಆಕ್ಷೇಪಣೆ ಇನ್ನೂ ಒಂದಿದೆ. ಹಳೆಯ ಸ್ಟುಡಿಯೋಗಳಲ್ಲಿ ಸರೋವರ, ಅರಮನೆಯ ಮೆಟ್ಟಿಲು, ಹೂತೋಟ ಬರೆದ ಪರದೆಗಳಿದ್ದವು. ಅವು ಸುಳ್ಳೇ ಆಗಿದ್ದರೂ ಆ ಸುಳ್ಳನ್ನು ಆರಿಸಿಕೊಂಡವನು ಗಿರಾಕಿ. ಆ ಪರದೆಯ ಮುಂದೆ ಕೂಲಿಕಾರನೂ ಐದು ನಿಮಿಷ ಅರಮನೆಯ ಯಜಮಾನ. ಆ ಕನಸಿಗೆ ಒಂದು ಘನತೆಯಿತ್ತು. ಈಗಿನ ಹಿನ್ನೆಲೆಗಳು ಸಿದ್ಧ ವಿನ್ಯಾಸಗಳ ಗಂಟಿನಿಂದ ಬರುತ್ತವೆ. ವಧು ಎಂದೂ ಕೇಳದ ಹಿಮಪರ್ವತ, ಎಂದೂ ಬಯಸದ ಗುಲಾಬಿ ಮೋಡ ಅವಳ ಹಿಂದೆ ಬಂದು ನಿಲ್ಲುತ್ತವೆ. ಮದುವೆ ನಡೆದ ಮಂಟಪದ ಕಿಟಕಿಯಿಂದ ಕಾಣುವ ದುರ್ಗದ ಬೆಟ್ಟ ಆಲ್ಬಂನಲ್ಲಿ ಎಲ್ಲಿಯೂ ಇಲ್ಲ. ಜೊತೆಗೆ ಎಲ್ಲ ಮುಖಗಳನ್ನೂ ಒಂದೇ ಬಿಳುಪಿಗೆ ತರುವ ಚಾಳಿ. ಮಗಳ ಬಣ್ಣವನ್ನು ತಾಯಿಯೇ ಗುರುತಿಸಲಾರದಷ್ಟು ತೊಳೆದಿರುತ್ತಾರೆ. ಗಿರಾಕಿಗಳೇ ಕೇಳುತ್ತಾರೆ ಎಂಬ ಉತ್ತರ ನಿಜ. ಕಪ್ಪು ಎಂಬುದು ಮದುವೆ ಮಾರುಕಟ್ಟೆಯಲ್ಲಿ ದೋಷವಾಗಿರುವಾಗ ಒಬ್ಬ ಫೋಟೋಗ್ರಾಫರ್‌ನನ್ನಷ್ಟೇ ದೂರುವುದು ನ್ಯಾಯವಲ್ಲ. ಆದರೂ ನಿಜವಾದ ಬಣ್ಣದ ಒಂದು ಪ್ರತಿಯನ್ನಾದರೂ ಮುಂದಿಟ್ಟು ತೋರಿಸುವ ಧೈರ್ಯ ಅವನಿಗೆ ಬೇಡವೇ?

ನಿಕಾಹ್‌ನ ಆಲ್ಬಂನಲ್ಲಿ ನಮಗೆ ಕಾಡುವ ಕೊರತೆ ಬೇರೆಯೇ. ನಿಕಾಹ್ ಸಿಂಧುವಾಗಲು ವಧುವಿನ ಒಪ್ಪಿಗೆ ಬೇಕು. ವಕೀಲ ಮತ್ತು ಸಾಕ್ಷಿಗಳು ಒಳಮನೆಗೆ ಹೋಗಿ, ಮಹರ್ ಎಷ್ಟೆಂದು ಹೇಳಿ, ಅವಳ ಸಮ್ಮತಿ ಪಡೆದು ಬರುತ್ತಾರೆ. ಇಡೀ ಮದುವೆಯ ತಿರುಳು ಆ ಕ್ಷಣ. ಆಲ್ಬಂನಲ್ಲಿ ಖಾಝಿ ಇದ್ದಾರೆ, ಸೆಹ್ರಾ ತೊಟ್ಟ ವರ ಇದ್ದಾನೆ, ಅಪ್ಪಿಕೊಳ್ಳುವ ಹಿರಿಯರಿದ್ದಾರೆ, ಖರ್ಜೂರ ಹಂಚುವವರಿದ್ದಾರೆ. ಒಪ್ಪಿಗೆಯ ಕ್ಷಣ ಇಲ್ಲ. ಪರ್ದಾ ಕಾರಣ ಎನ್ನಬಹುದು. ಆದರೆ ನಾವು ನೋಡಿದ ಒಂದು ಹಳೆಯ ಆಲ್ಬಂನಲ್ಲಿ ಮದರಂಗಿಯ ಕೈಯೊಂದು ರಿಜಿಸ್ಟರಿನ ಮೇಲೆ ಸಹಿ ಹಾಕುತ್ತಿರುವ ಚಿತ್ರವಿದೆ. ಪುಟ ಹಾರದಂತೆ ಹಿಡಿದಿರುವುದು ಯಾರೋ ಹಿರಿಯರ ಹೆಬ್ಬೆರಳು. ಮುಖ ಕಾಣುವುದಿಲ್ಲ, ಕಾಣಬೇಕಾದ್ದೂ ಇಲ್ಲ. ಪರ್ದಾವನ್ನೂ ಉಳಿಸಿ, ಒಪ್ಪಿಗೆಯನ್ನೂ ದಾಖಲಿಸಿದ ಆ ಚಿತ್ರವೇ ಆ ಆಲ್ಬಂನ ಅತ್ಯುತ್ತಮ ಚಿತ್ರ. ಇನ್ನೊಂದೆಡೆ, ಧಾರೆಯ ಮನೆಯಲ್ಲಿ ತಾಳಿ ಕಟ್ಟುವಾಗ 'ಇನ್ನೊಮ್ಮೆ ಕಟ್ಟಿ ಸಾರ್, ಇತ್ತ ನೋಡಿ' ಎನ್ನುವ ಫೋಟೋಗ್ರಾಫರ್‌ಗಳೂ ಇದ್ದಾರೆ. ಅಲ್ಲಿ ಅವನು ಸಾಕ್ಷಿಯ ಸ್ಥಾನ ಬಿಟ್ಟು ಪುರೋಹಿತನ ಸ್ಥಾನಕ್ಕೆ ಏರಿರುತ್ತಾನೆ. ಒಳ್ಳೆಯ ಫೋಟೋಗ್ರಾಫರ್ ಕ್ಷಣಕ್ಕಾಗಿ ಕಾಯುತ್ತಾನೆ; ಅದನ್ನು ಮರುನಟನೆ ಮಾಡಿಸುವುದಿಲ್ಲ.

ಚಿತ್ರದ ಮಾತು ಬಂದಾಗ ನಮ್ಮಲ್ಲಿ ಧಾರ್ಮಿಕ ಪ್ರಶ್ನೆ ಏಳುವುದು ಸಹಜ. ಜೀವಿಗಳ ಪ್ರತಿರೂಪ ರಚಿಸುವವರ ಬಗ್ಗೆ ಹದೀಸ್‌ಗಳಲ್ಲಿ ಕಠಿಣ ಎಚ್ಚರಿಕೆಯಿದೆ. ಮುಸವ್ವಿರ್, ಅಂದರೆ ರೂಪ ನೀಡುವವನು, ಅಲ್ಲಾಹನ ನಾಮಗಳಲ್ಲೊಂದು. ಫೋಟೋವನ್ನು ಅಗತ್ಯಕ್ಕೆ ಮಾತ್ರ ಒಪ್ಪುವ ಉಲಮಾಗಳು ಇಂದಿಗೂ ಇದ್ದಾರೆ, ಅವರ ನಿಲುವನ್ನು ಹಗುರವಾಗಿ ತಳ್ಳಿಹಾಕಲಾಗದು. 1914ರಿಂದ 1920ರವರೆಗೆ ಈಜಿಪ್ಟಿನ ಮುಫ್ತಿಯಾಗಿದ್ದ ಶೇಖ್ ಮುಹಮ್ಮದ್ ಬಖೀತ್ ಅಲ್ ಮುತೀಈ ಬೇರೆ ವಾದ ಮುಂದಿಟ್ಟರು: ಕ್ಯಾಮರಾ ಹೊಸದೇನನ್ನೂ ಸೃಷ್ಟಿಸುವುದಿಲ್ಲ, ಇರುವ ನೆರಳನ್ನು ಹಿಡಿದಿಡುತ್ತದೆ ಅಷ್ಟೆ. ಮೌಲಾನಾ ಆಝಾದರು 1912ರಲ್ಲಿ ಆರಂಭಿಸಿದ ಅಲ್ ಹಿಲಾಲ್ ಪತ್ರಿಕೆಯಲ್ಲೂ ಫೋಟೋಗಳು ಅಚ್ಚಾಗುತ್ತಿದ್ದವು. ಉರ್ದು ಮತ್ತು ಕನ್ನಡ ಎರಡನ್ನೂ ಓದಿದ ನಮಗೆ ಇಲ್ಲಿ ಒಂದು ಸೋಜಿಗ ಕಾಣುತ್ತದೆ. ಉರ್ದುವಿನಲ್ಲಿ ಅಕ್ಸ್ ಎಂದರೆ ಪ್ರತಿಬಿಂಬ, ಅದನ್ನು ತೆಗೆಯುವವನು ಅಕ್ಕಾಸ್. ಕನ್ನಡದಲ್ಲಿ ಅವನು ಛಾಯಾಗ್ರಾಹಕ, ನೆರಳು ಹಿಡಿಯುವವನು. ಮುಫ್ತಿಯ ಇಡೀ ವಾದ ನಮ್ಮ ಈ ಒಂದು ಪದದಲ್ಲಿದೆ.

ಆದರೆ ವಾದ ಇಲ್ಲಿಗೆ ಮುಗಿಯುವುದಿಲ್ಲ. ನೆರಳನ್ನು ಹಿಡಿಯಬಹುದು ಎಂದ ಮೇಲೆ, ಹಿಡಿದ ನೆರಳು ಯಾರದು? ನಮ್ಮ ಚರ್ಚೆಗಳು ಚಿತ್ರ ತೆಗೆಯಬಹುದೇ ಎಂಬಲ್ಲಿಯೇ ನಿಂತುಬಿಟ್ಟಿವೆ. ತೆಗೆದ ಚಿತ್ರದ ಮೇಲೆ ಹೆಣ್ಣಿನ ಹಕ್ಕೇನು ಎಂಬಲ್ಲಿಗೆ ತಲುಪಿಲ್ಲ. ಲೆಬನಾನಿನ ಸೈದಾ ನಗರದಲ್ಲಿ ಹಾಷಿಮ್ ಅಲ್ ಮದನಿ ಎಂಬ ಸ್ಟುಡಿಯೋ ಛಾಯಾಗ್ರಾಹಕರಿದ್ದರು; 2017ರಲ್ಲಿ ತೀರಿಕೊಂಡರು. 1957ರಲ್ಲಿ ಮಹಿಳೆಯೊಬ್ಬಳು ಅವರ ಸ್ಟುಡಿಯೋದಲ್ಲಿ ಚಿತ್ರ ತೆಗೆಸಿಕೊಂಡಳು. ತನಗೆ ಹೇಳದೆ ಹೋದಳೆಂದು ಸಿಟ್ಟಾದ ಗಂಡ ಬಂದು ನೆಗೆಟಿವ್ ಕೇಳಿದ. ಅದೇ ರೋಲ್‌ನಲ್ಲಿ ಬೇರೆಯವರ ಚಿತ್ರಗಳೂ ಇದ್ದುದರಿಂದ ಕೊಡಲಾಗದೆ, ಅವನ ಕಣ್ಣೆದುರೇ ಸೂಜಿಯಿಂದ ಅವಳ ಚಿತ್ರಗಳನ್ನು ಗೀರಿಹಾಕಿದರು. ಮುಂದೆ ಆ ಹೆಣ್ಣು ಬೆಂಕಿ ಹಚ್ಚಿಕೊಂಡು ಸತ್ತಳು. ಆಗ ಅದೇ ಗಂಡ ಮತ್ತೆ ಬಂದು, ಅವಳ ಬೇರೆ ಚಿತ್ರಗಳಿದ್ದರೆ ದೊಡ್ಡದು ಮಾಡಿಕೊಡಿ ಎಂದು ಕೇಳಿದನಂತೆ. ಈ ಘಟನೆಯಲ್ಲಿ ಚಿತ್ರ ತೆಗೆದವನಿಗೆ, ಅಳಿಸಿದವನಿಗೆ, ಮರಳಿ ಕೇಳಿದವನಿಗೆ ಮಾತಿದೆ. ಚಿತ್ರದಲ್ಲಿದ್ದವಳಿಗೆ ಇಲ್ಲ.

ನಮ್ಮ ಕಾನೂನೂ ಇದಕ್ಕಿಂತ ಬಹಳ ಮುಂದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಒಡೆತನ ತೆಗೆಸಿದವರದು. ಅಂದರೆ ಸ್ಟುಡಿಯೋದವನು ವಧುವಿನ ಚಿತ್ರವನ್ನು ಜಾಹೀರಾತಿಗೆ ಬಳಸಲು ಅನುಮತಿ ಕೇಳಲೇಬೇಕು. ಹುಲಿಯೂರುದುರ್ಗವಿರಲಿ ಬೆಂಗಳೂರಿರಲಿ, ಎಷ್ಟು ಜನ ಕೇಳುತ್ತಾರೆ? ಕೇಳಿದರೂ ಕೇಳುವುದು ಹಣ ಕೊಟ್ಟ ಅಪ್ಪನನ್ನು ಅಥವಾ ವರನನ್ನು. 2021ರ ಜುಲೈಯಲ್ಲಿ, ಮತ್ತೆ 2022ರ ಮೊದಲ ದಿನವೇ, ಮುಸ್ಲಿಂ ಮಹಿಳೆಯರ ಫೋಟೋಗಳನ್ನು ಕದ್ದು ಮೊಬೈಲ್ ಆ್ಯಪ್‌ಗಳಲ್ಲಿ 'ಹರಾಜಿ'ಗಿಟ್ಟ ನೀಚತನವನ್ನು ದೇಶ ನೋಡಿತು. ಅದಾದ ಮೇಲೂ ಹೆಣ್ಣಿನ ಚಿತ್ರವನ್ನು ಅವಳನ್ನು ಕೇಳದೆ ಹಂಚುವುದು ಸಣ್ಣ ವಿಷಯ ಎನ್ನಲಾದೀತೇ? ಹೆಣ್ಣುಮಕ್ಕಳ ಫೋಟೋವೇ ಬೇಡ ಎಂಬ ಪರಿಹಾರವೂ ನಮಗೆ ಒಪ್ಪಿಗೆಯಿಲ್ಲ. ತಾಯಿ ತೀರಿದ ಮೇಲೆ ಮಕ್ಕಳಿಗೆ ಉಳಿಯುವುದು ಮತದಾರರ ಚೀಟಿಯ ಮಸುಕು ಮುಖ ಮಾತ್ರ ಎಂಬಂತಾಗುವುದು ಯಾವ ನ್ಯಾಯ?

ದಾರಿ ಇಲ್ಲದಿಲ್ಲ, ಅದು ಹೊಸತೂ ಅಲ್ಲ. ಹೈದರಾಬಾದಿನ ನಿಜಾಮರಿಂದ ಮುಸವ್ವಿರ್ ಜಂಗ್ ಎಂಬ ಬಿರುದು ಪಡೆದ ರಾಜಾ ದೀನ್ ದಯಾಳ್ 1892ರಲ್ಲಿಯೇ ಪರ್ದಾನಶೀನ್ ಮಹಿಳೆಯರಿಗಾಗಿ ಜನಾನಾ ಸ್ಟುಡಿಯೋ ತೆರೆದಿದ್ದರು. ಅದನ್ನು ನಡೆಸುತ್ತಿದ್ದುದು ಒಬ್ಬ ಇಂಗ್ಲಿಷ್ ಮಹಿಳೆ. ಕಲ್ಕತ್ತದಲ್ಲಿ ಅನ್ನಪೂರ್ಣಾ ದತ್ತ ಮನೆಮನೆಗೆ ಹೋಗಿ ಹೆಂಗಸರ ಚಿತ್ರ ತೆಗೆದು ಸಂಸಾರ ನಡೆಸಿದರು. ನಮ್ಮ ಹೆಣ್ಣುಮಕ್ಕಳು ಈ ಕಸುಬು ಕಲಿತರೆ ಒಳಮನೆಯ ಹಾಡು, ಮದರಂಗಿ, ಒಪ್ಪಿಗೆಯ ಕ್ಷಣ ಎಲ್ಲ ದಾಖಲಾಗುತ್ತವೆ. ಅವರಿಗೆ ಗೌರವದ ಸಂಪಾದನೆಯೂ ಆಗುತ್ತದೆ. ಹೊಲಿಗೆ ಯಂತ್ರ ಹಂಚುವ ನಮ್ಮ ಸಂಘಸಂಸ್ಥೆಗಳು ಒಂದೆರಡು ಕ್ಯಾಮರಾಗಳನ್ನೂ ಹಂಚಬಾರದೇಕೆ?

ಇನ್ನೊಂದು ಕೆಲಸ ತುರ್ತಿನದು. ಮಧ್ಯಪ್ರದೇಶದ ನಾಗ್ದಾ ಎಂಬ ಸಣ್ಣ ಊರಿನ ಸುಹಾಗ್ ಸ್ಟುಡಿಯೋದ ಸುರೇಶ್ ಪಂಜಾಬಿಯವರ ನೆಗೆಟಿವ್‌ಗಳನ್ನು ವಿದ್ವಾಂಸ ಕ್ರಿಸ್ಟೋಫರ್ ಪಿನ್ನೆ ಅಭ್ಯಾಸ ಮಾಡಿ, ಅವು 2013ರಲ್ಲಿ ಚೆನ್ನೈನ ತಾರಾ ಬುಕ್ಸ್‌ನಿಂದ ಪುಸ್ತಕವಾದವು. ಮಾಲಿ ದೇಶದ ಬಮಾಕೊದಲ್ಲಿ 1948ರಲ್ಲಿ ಸ್ಟುಡಿಯೋ ತೆರೆದ ಸೇದು ಕೇಟಾ ತೆಗೆದ ಗಿರಾಕಿಗಳ ಚಿತ್ರಗಳು ಇಂದು ಜಗತ್ತಿನ ದೊಡ್ಡ ಸಂಗ್ರಹಾಲಯಗಳಲ್ಲಿವೆ. ಹುಲಿಯೂರುದುರ್ಗದ, ಕುಣಿಗಲ್ಲಿನ, ಗುಬ್ಬಿಯ ಸ್ಟುಡಿಯೋಗಳ ಅಟ್ಟದ ಮೇಲೆ ನೆಗೆಟಿವ್‌ಗಳ ಡಬ್ಬಗಳು ಸೆಖೆಗೆ ಅಂಟಿಕೊಳ್ಳುತ್ತಿವೆ. ಡಿಜಿಟಲ್ ಚಿತ್ರಗಳು ಕೆಟ್ಟ ಹಾರ್ಡ್‌ಡಿಸ್ಕ್‌ಗಳಲ್ಲಿ ಸಾಯುತ್ತಿವೆ. ಅಂಗಡಿ ಮುಚ್ಚುವ ಮುನ್ನ ಆ ಡಬ್ಬಗಳನ್ನು ಇಳಿಸಿ, ಯಾವ ಮನೆ, ಯಾವ ವರ್ಷ ಎಂದು ಬರೆದಿಡುವ ಕೆಲಸವನ್ನು ಹತ್ತಿರದ ಕಾಲೇಜಿನ ವಿದ್ಯಾರ್ಥಿಗಳೂ ಮಾಡಬಹುದು. ಆದರೆ ಅವುಗಳನ್ನು ಹೊರಗೆ ತೋರಿಸುವ ಮುನ್ನ ಆಯಾ ಮನೆಯವರನ್ನು, ಅದರಲ್ಲೂ ಚಿತ್ರದಲ್ಲಿರುವ ಹೆಂಗಸರನ್ನು, ಕೇಳಿಯೇ ತೋರಿಸಬೇಕು. ಬೇಡ ಎಂದವರ ಚಿತ್ರ ಅವರ ಮನೆಗೇ ಹಿಂದಿರುಗಲಿ.