ಟಫಿ ಪಮೇರಿಯನ್ ಅಲ್ಲ

1995ರ ಸುಮಾರಿಗೆ, ಕುಷ್ಟಗಿ ಇನ್ನೂ ರಾಯಚೂರು ಜಿಲ್ಲೆಯಲ್ಲಿದ್ದಾಗ, ನಮ್ಮ ಓಣಿಯ ಮೂರು ಮನೆಗಳಿಗೆ ಬಿಳಿ ನಾಯಿಮರಿಗಳು ಬಂದವು. ಮೂರಕ್ಕೂ ಟಫಿ ಎಂದೇ ಹೆಸರು. ಸೂರಜ್ ಬರ್ಜಾತ್ಯಾ ಅವರ ‘ಹಮ್ ಆಪ್ಕೆ ಹೈ ಕೌನ್’ (1994) ಸಿನಿಮಾದಲ್ಲಿ ಕ್ರಿಕೆಟ್ ಆಟಕ್ಕೆ ಅಂಪೈರ್ ಆಗಿ ಕೂತು, ಕೊನೆಗೆ ಒಂದು ಚೀಟಿಯಿಂದ ಕಥೆಯನ್ನೇ ತಿರುಗಿಸುವ ನಾಯಿಯ ಹೆಸರು ಅದು. ಕೇಳಿದವರಿಗೆಲ್ಲ ‘ಪಮೇರಿಯನ್ ಐತ್ರಿ’ ಎನ್ನುವುದರಲ್ಲಿ ನಮಗೆ ಹೆಮ್ಮೆ. ಒಮ್ಮೆ ಹೊಟ್ಟೆ ಕೆಟ್ಟಿತೆಂದು ನಮ್ಮ ಟಫಿಯನ್ನು ದನದ ದವಾಖಾನೆಗೆ ಎತ್ತಿಕೊಂಡು ಹೋದೆವು. ಔಷಧದ ಅಳತೆಗೆಂದು ಡಾಕ್ಟರು ತೂಕ ನೋಡಿದರು. ಏಳು ಕೆಜಿ. ‘ಪಮೇರಿಯನ್ ಅಂತ ಯಾರು ಹೇಳಿದ್ರು ತಮ್ಮಾ? ಅದು ಮೂರು, ಮೂರೂವರಿ ಕೆಜಿ ದಾಟಂಗಿಲ್ಲ. ಇದು ಸ್ಪಿಟ್ಜ್’ ಎಂದರು. ಮನೆ ಮುಟ್ಟುವತನಕ ಅಪ್ಪ ಮಾತಾಡಲಿಲ್ಲ.

ಸಿನಿಮಾದ ಟಫಿಯೂ ಇಂಡಿಯನ್ ಸ್ಪಿಟ್ಜೇ. ಬ್ರಿಟಿಷರ ಕಾಲದಲ್ಲಿ ಬಂದ ಜರ್ಮನ್ ಸ್ಪಿಟ್ಜ್ ನಾಯಿಗಳ ಸಂತಾನ ಇಲ್ಲಿನ ಸೆಕೆಗೆ ಒಗ್ಗಿಕೊಂಡು, ಇಲ್ಲಿನ ಅನ್ನ ಹಾಲು ಉಂಡು ಬೇರೆಯದೇ ತಳಿಯಾಯಿತು. ಹೊರದೇಶದ ನಾಯಿ ತರಿಸುವುದು ಕಷ್ಟವಾಗಿದ್ದ ದಿನಗಳಲ್ಲಿ ನಮ್ಮ ಮಧ್ಯಮ ವರ್ಗದ ಮನೆಗಳನ್ನು ಕಾದದ್ದು ಇದು. ಇಷ್ಟೆಲ್ಲ ಮಾಡಿಯೂ ಅದಕ್ಕೆ ತನ್ನ ಹೆಸರು ಸಿಗಲಿಲ್ಲ. ಸಿನಿಮಾ ತಪ್ಪು ಹೆಸರು ಹೇಳಿತೆಂದಲ್ಲ, ಯಾವ ಹೆಸರನ್ನೂ ಹೇಳಲಿಲ್ಲ. ಆ ಖಾಲಿ ಜಾಗವನ್ನು ನಾವು ಪರದೇಶದ ಹೆಸರಿನಿಂದ ತುಂಬಿಕೊಂಡೆವು.

ನಮ್ಮ ಕಡೆ ನಾಯಿ ಗುರುತಿಸುವ ರೂಢಿ ಇವತ್ತಿಗೂ ಹೀಗೇ ಇದೆ. ಬಿಳಿ ಕೂದಲಿದ್ದರೆ ಪಮೇರಿಯನ್. ಕಿವಿ ನಿಮಿರಿ ನಿಂತಿದ್ದರೆ ಪೊಲೀಸ್ ನಾಯಿ. ಹೊಟ್ಟೆ ಬೆನ್ನಿಗೆ ಹತ್ತಿದ್ದರೆ ಮುಧೋಳ. ಉಳಿದದ್ದೆಲ್ಲ ಕಂತ್ರಿ. ಈ ಕೊನೆಯ ಮಾತು ನನ್ನನ್ನು ಬಹಳ ನೋಯಿಸುತ್ತದೆ. ಇಂಗ್ಲಿಷಿನ ‘ಕಂಟ್ರಿ’ ನಮ್ಮ ಬಾಯಲ್ಲಿ ಕಂತ್ರಿಯಾಯಿತು. ನಾಡಿನದು ಎಂದಷ್ಟೇ ಇದ್ದ ಅರ್ಥ ಹೋಗಿ ಕೀಳು ಎಂಬ ಅರ್ಥ ಬಂತು. ‘ಕಂತ್ರಿ ಬುದ್ಧಿ’ ಎಂದು ಮನುಷ್ಯರನ್ನೂ ಬೈಯುತ್ತೇವೆ. ಈ ಬೈಗುಳವನ್ನು ಸಿನಿಮಾ ಹುಟ್ಟಿಸಲಿಲ್ಲ. ಆದರೆ ಮುದ್ದು ಮಾಡಬೇಕಾದಲ್ಲಿ ಜಾತಿ ನಾಯಿಯನ್ನೂ ಕಲ್ಲು ಹೊಡೆಸಿಕೊಳ್ಳುವಲ್ಲಿ ಬೀದಿ ನಾಯಿಯನ್ನೂ ನಿಲ್ಲಿಸುತ್ತ ಅದಕ್ಕೆ ನೀರೆರೆಯುತ್ತ ಬಂದಿದೆ.

ತಳಿ ಬದಲಿಸಿದ್ದೆಲ್ಲ ತಪ್ಪೆಂದು ನಾನು ಹೇಳುವುದಿಲ್ಲ. ಅಮೆರಿಕದ ‘ಹಾಚಿ’ (2009) ಚಿತ್ರದಲ್ಲಿ ಅಕಿತಾ ನಾಯಿಯ ಮರಿತನಕ್ಕೆ ಶಿಬಾ ಮರಿಗಳನ್ನು ಬಳಸಿದರು. ಶೆರ್ಲಾಕ್ ಹೋಮ್ಸ್‌ನ ಬಾಸ್ಕರ್‌ವಿಲ್ ಕಾದಂಬರಿಯ ಬೆರಕೆ ಬೇಟೆನಾಯಿಯ ಜಾಗಕ್ಕೆ 1939ರ ಚಿತ್ರದಲ್ಲಿ ಗ್ರೇಟ್ ಡೇನ್ ಬಂತು. ಚಿತ್ರೀಕರಣದ ಕಷ್ಟ ಅರ್ಥವಾಗುತ್ತದೆ. ಲ್ಯಾಬ್ರಡಾರ್ ತಿನ್ನುವ ಆಸೆಗೆ ಹೇಳಿದ್ದನ್ನೆಲ್ಲ ಮಾಡುತ್ತದೆ, ನೂರು ಮಂದಿಯ ನಡುವೆಯೂ ಬಾಲ ಅಲ್ಲಾಡಿಸುತ್ತದೆ. ಮುಧೋಳ ನಾಯಿ ಹೊರಗಿನವರ ಕೈಗೆ ಸುಲಭಕ್ಕೆ ಸಿಗುವುದಿಲ್ಲ. ಕಣ್ಣಿನಿಂದ ಬೇಟೆಯಾಡುವ ಜೀವ ಅದು, ದೂರದಲ್ಲೊಂದು ಮೊಲ ಕದಲಿದರೆ ಸೆಟ್ಟು, ಲೈಟು, ನಟ ಯಾವುದೂ ಅದಕ್ಕೆ ಕಾಣುವುದಿಲ್ಲ. ಹಾಗಾದರೆ ಸುಲಭವಾದದ್ದನ್ನು ಆರಿಸಿಕೊಂಡಾಗ ಚಿತ್ರ ಏನನ್ನು ಕಳೆದುಕೊಳ್ಳುತ್ತದೆ? ನನ್ನ ಪ್ರಶ್ನೆ ಇಷ್ಟು.

ಇದಕ್ಕೆ ‘777 ಚಾರ್ಲಿ’ಯನ್ನು ಮುಂದಿಟ್ಟುಕೊಂಡು ನೋಡಬೇಕು. ಕಾಸರಗೋಡಿನ ಕಿರಣ್‌ರಾಜ್ ಕೆ. ನಿರ್ದೇಶಿಸಿ, ರಕ್ಷಿತ್ ಶೆಟ್ಟಿ ಧರ್ಮನಾಗಿ ನಟಿಸಿದ ಈ ಚಿತ್ರ 2022ರ ಜೂನ್ 10ರಂದು ಬಿಡುಗಡೆಯಾಯಿತು, ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ನಾನು ನೋಡಿದ್ದು ಗಂಗಾವತಿಯಲ್ಲಿ, ಭತ್ತದ ಗಿರಣಿಯಲ್ಲಿ ದುಡಿಯುವ ಹುಡುಗರ ನಡುವೆ ಕೂತು. ಎರಡನೇ ಅರ್ಧದಲ್ಲಿ ಅವರು ಬಿಕ್ಕುವುದು ಕೇಳುತ್ತಿತ್ತು. ನಾನೂ ಅತ್ತೆ. ಈ ಚಿತ್ರದಲ್ಲಿ ತಳಿ ಬರೀ ಅಲಂಕಾರವಲ್ಲ, ಕಥೆ ನಿಂತಿರುವುದೇ ಅದರ ಮೇಲೆ. ಚಾರ್ಲಿ ಮರಿ ಮಾರುವವನ ಪಂಜರದಿಂದ ತಪ್ಪಿಸಿಕೊಂಡು ಬಂದ ಲ್ಯಾಬ್ರಡಾರ್. ಒಂದೇ ರಕ್ತದ ನಾಯಿಗಳನ್ನು ಕೂಡಿಸಿ ಮರಿ ತೆಗೆದದ್ದರ ಫಲವಾಗಿ ಅದರ ಮೈಯಲ್ಲಿ ಕ್ಯಾನ್ಸರ್. ಜಾತಿ ನಾಯಿ ಎಂದು ನಾವು ದುಡ್ಡು ಕೊಡುವುದು ಯಾವುದಕ್ಕೆ ಎಂಬುದನ್ನು ಇಷ್ಟು ನೇರವಾಗಿ ಕೇಳಿದ ಮತ್ತೊಂದು ಕನ್ನಡ ಚಿತ್ರ ನನಗೆ ನೆನಪಾಗುವುದಿಲ್ಲ. ಧರ್ಮ ಚಾರ್ಲಿಯನ್ನು ಕರೆದುಕೊಂಡು ಹಿಮದ ಕಡೆಗೆ ಹೊರಡುವ ಪಯಣವೂ ತಳಿಗೆ ತಕ್ಕದ್ದೇ, ಲ್ಯಾಬ್ರಡಾರಿನ ಮೂಲ ಕೆನಡಾದ ತಣ್ಣನೆಯ ಕಡಲತೀರ. 2017ರಲ್ಲಿ ಕೇಂದ್ರ ಸರ್ಕಾರ ನಾಯಿ ಸಾಕಿ ಮಾರುವವರಿಗೆ ನಿಯಮ ಮಾಡಿ, ಎಂಟು ವಾರ ತುಂಬದ ಮರಿ ಮಾರಬಾರದೆಂದು ಹೇಳಿತು. ಆ ನಿಯಮಕ್ಕಿಂತ ಹೆಚ್ಚು ಜನರನ್ನು ಚಾರ್ಲಿ ಮುಟ್ಟಿರಬೇಕು.

ಆದರೂ ಒಂದು ಕಡೆ ಚಿತ್ರ ತನಗೆ ತಾನೇ ಎದುರಾಗುತ್ತದೆ. ಕಥೆ ಕೊಳ್ಳಬೇಡ ಎನ್ನುತ್ತದೆ. ಕ್ಯಾಮೆರಾ ಮಾತ್ರ ಆ ಕಂದು ಕಣ್ಣು, ಜೋತ ಕಿವಿ, ಒದ್ದೆ ಮೂಗಿನ ಹತ್ತಿರ ಹತ್ತಿರ ಹೋಗಿ ಬೇಕು ಬೇಕು ಎನ್ನಿಸುತ್ತದೆ. ಟಾಕೀಸಿನಿಂದ ಹೊರಬಂದ ಮೇಲೆ ನನ್ನ ತಂಗಿಯ ಮಗ ಕೇಳಿದ್ದು ‘ಮಾಮಾ, ನಮಗೂ ಅಂಥಾದ್ದೇ ಒಂದು ಕೊಡಸ್ತಿ?’ ಎಂದು. ಅಂಥಾದ್ದೇ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ದಪ್ಪ ತುಪ್ಪಳದ ನಾಯಿ ಮಧ್ಯಾಹ್ನವೆಲ್ಲ ಬಚ್ಚಲ ಕಲ್ಲಿನ ಮೇಲೆ ನಾಲಿಗೆ ಚಾಚಿ ಬಿದ್ದಿರುವುದನ್ನು ನಾನು ಕಂಡಿದ್ದೇನೆ. ಧರ್ಮನ ಕಾಲೊನಿಗೆ ಬಂದದ್ದು ಬೀದಿ ನಾಯಿಯಾಗಿದ್ದರೆ ನಾವು ಇಷ್ಟೇ ಅಳುತ್ತಿದ್ದೆವೇ? ಆ ಪರೀಕ್ಷೆಗೆ ಚಿತ್ರ ನಮ್ಮನ್ನು ಒಡ್ಡುವುದಿಲ್ಲ.

ಒಡ್ಡಿದ ಚಿತ್ರವೊಂದು ಪಕ್ಕದ ತಮಿಳಿನಲ್ಲಿದೆ. ಮಾರಿ ಸೆಲ್ವರಾಜ್ ಅವರ ‘ಪರಿಯೇರುಂ ಪೆರುಮಾಳ್’ (2018). ಅದರ ಕರುಪ್ಪಿ ತಿರುನೆಲ್ವೇಲಿ ಸೀಮೆಯ ಕಪ್ಪು ಬೇಟೆನಾಯಿ. ತೆಳ್ಳನೆಯ ದೇಹ, ಉದ್ದ ಮೂತಿ. ದಲಿತ ಕೇರಿಯ ಹುಡುಗರು ಬೇಟೆ ಮುಗಿಸಿ ನಾಯಿಗಳಿಗೆ ಮೈ ತೊಳೆಯುವ ಹೊಂಡದ ನೀರನ್ನು ಮೇಲ್ಜಾತಿಯವರು ಬಂದು ಕೆಡಿಸುತ್ತಾರೆ. ಕರುಪ್ಪಿಯನ್ನು ರೈಲು ಹಳಿಗೆ ಕಟ್ಟಿ ಕೊಲ್ಲುತ್ತಾರೆ. ಅಲ್ಲಿ ಲ್ಯಾಬ್ರಡಾರ್ ನಿಲ್ಲಿಸಿ ನೋಡಿ, ಚಿತ್ರ ಕುಸಿದುಬೀಳುತ್ತದೆ. ಆ ನಾಯಿ ಆ ಮಣ್ಣಿನದು, ಆ ಕೇರಿಯದು, ಅದನ್ನು ಕೊಂದರೆ ಯಾರಿಗೆ ನೋವಾಗುತ್ತದೆಂದು ಕೊಂದವರಿಗೆ ಗೊತ್ತು. ತಳಿ ಸರಿಯಾಗಿದ್ದರಿಂದಲೇ ಅಲ್ಲಿ ಜಾತಿಯ ಮಾತು ಅಷ್ಟು ಸರಿಯಾಗಿ ನಾಟಿತು.

ಕನ್ನಡದ ಕ್ಯಾಮೆರಾಕ್ಕೆ ಅಂಥ ನಾಯಿ ಇಲ್ಲವೆಂದಲ್ಲ. ಕುಷ್ಟಗಿಯಿಂದ ಇಳಕಲ್, ಬಾಗಲಕೋಟೆ ಹಾದು ಹೋದರೆ ಮುಧೋಳ. ಅಲ್ಲಿನ ಸಂಸ್ಥಾನದ ಘೋರ್ಪಡೆ ದೊರೆಗಳು ಪೋಷಿಸಿದ, ಬೇಡರ ಹಟ್ಟಿಗಳಲ್ಲಿ ಉಳಿದ ನಾಯಿಗೆ 2005ರಲ್ಲಿ ಅಂಚೆ ಚೀಟಿ ಬಂತು, ಆಮೇಲೆ ಸೇನೆಯ ಕೆಲಸವೂ ಸಿಕ್ಕಿತು. ತಿಮ್ಮಾಪುರದಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರವಿದೆ. ಅಷ್ಟಾದರೂ ಹೆಸರಿನ ಗೊಂದಲ ಬಿಟ್ಟಿಲ್ಲ. ಒಂದು ಕೆನೆಲ್ ಕ್ಲಬ್ಬಿನ ದಾಖಲೆಯಲ್ಲಿ ಅದು ಕ್ಯಾರವಾನ್ ಹೌಂಡ್, ಇನ್ನೊಂದರಲ್ಲಿ ಮುಧೋಳ ಹೌಂಡ್. ಸಿನಿಮಾ ಒಮ್ಮೆ ಗಟ್ಟಿಯಾಗಿ ಮುಧೋಳ ಎಂದು ಕರೆದು ತೋರಿಸಿದ್ದರೆ, ಸಂತೆಯಲ್ಲಿ ಬಡಕಲು ಮರಿಗೆ ಮುಧೋಳ ಎಂದು ಹೆಸರಿಟ್ಟು ಮಾರುವವರ ಮಾತು ಇಷ್ಟು ಸಲೀಸಾಗಿ ನಡೆಯುತ್ತಿರಲಿಲ್ಲ. ನಾನೂ ಹಾಗೆ ಒಂದು ಮರಿ ತಂದವನು. ಆರು ತಿಂಗಳಿಗೆ ಅದರ ಬಾಲ ಬೆನ್ನ ಮೇಲೆ ಸುತ್ತಿಕೊಂಡಿತು, ಎದೆ ಅಗಲವಾಯಿತು. ಹನ್ನೊಂದು ವರ್ಷ ನಮ್ಮ ಬಾಗಿಲು ಕಾದು ತೀರಿಕೊಂಡಿತು. ಮೊದಲ ವರ್ಷವೆಲ್ಲ ಅದನ್ನು ಮೋಸದ ಮಾಲೆಂದು ನೋಡಿದ್ದಕ್ಕೆ ಈಗಲೂ ಸಂಕಟವಾಗುತ್ತದೆ.

ಬೇಸರ ಇನ್ನೊಂದು ಉಂಟು. ಪ್ರತಿ ನಾಯಿಗೂ ತಳಿ ಬೇಕೆಂಬ ಹಟವೇ ಸಿನಿಮಾದ್ದು, ಪೇಟೆಯದು. ಹೋದ ವರ್ಷ ಯಲಬುರ್ಗಾದ ಆಚೆ ಜೋಳ ಕೊಯ್ದ ಎರಿ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರು. ಬಲೆಯ ಹೊರಗೆ ಕಂದು ನಾಯಿಯೊಂದು ಮುಂಗಾಲ ಮೇಲೆ ಗದ್ದ ಇಟ್ಟು ಮಲಗಿತ್ತು. ಕಣ್ಣು ಮುಚ್ಚಿತ್ತು, ಒಂದು ಕಿವಿ ಮಾತ್ರ ನನ್ನ ಹೆಜ್ಜೆಯ ಕಡೆ ತಿರುಗುತ್ತಲೇ ಇತ್ತು. ಮೂತಿ ಉದ್ದವಿತ್ತು. ‘ಮುಧೋಳದ್ದೇನು ಯಜ್ಜಾ?’ ಎಂದು ಕೇಳಿದೆ. ಕಂಬಳಿ ಹೊದ್ದ ಮುದುಕ ತಲೆಯಾಡಿಸಿದ. ‘ಅದು ಓಡೋ ನಾಯಿ ತಮ್ಮಾ. ಇದು ಕುಂದ್ರೋ ನಾಯಿ. ಕುರಿ ಬಿಟ್ಟು ಓಡಿದ್ರ ಹಿಂದಿಂದ ತ್ವಾಳ ಬರತೈತಿ.’ ಅವನ ಲೆಕ್ಕದಲ್ಲಿ ನಾಯಿಯನ್ನು ಗುರುತಿಸುವುದು ಕೆಲಸದಿಂದ. ಅಟ್ಟಿಸಿಕೊಂಡು ಹೋಗುವುದು ಒಂದು, ಜಾಗ ಬಿಡದೆ ಕಾಯುವುದು ಇನ್ನೊಂದು. ನಾನು ಓದಿದ ತಳಿಗಳ ಪಟ್ಟಿಗಿಂತ ಆ ವಿಂಗಡಣೆ ನನಗೆ ಹೆಚ್ಚು ನಿಖರವಾಗಿ ಕಂಡಿತು.

ತ್ವಾಳ ಎಂದಾಗ ಅವನು ಕಥೆ ಹೇಳುತ್ತಿರಲಿಲ್ಲ. ಇದೇ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನ ಬಂಕಾಪುರದ ಕುರುಚಲು ಕಾಡು ಈಗ ತೋಳಗಳ ಧಾಮ. ನಮ್ಮ ತೋಳ ಮಾಸಲು ಕಂದು ಬಣ್ಣದ್ದು, ಗಿಡ್ಡ ಕೂದಲು, ಉದ್ದ ಕಾಲು, ತೂಕ ಸುಮಾರು 20 ಕೆಜಿ, ದೂರದಿಂದ ಊರ ನಾಯಿಯಂತೆಯೇ ಕಾಣುತ್ತದೆ. ಪರದೆಯ ಮೇಲೆ ತೋಳವೆಂದು ಬರುವುದು ಮಾತ್ರ ಹಿಮದ ನಾಡಿನ ತುಪ್ಪಳದ ನಾಯಿಗಳು. ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ಮೊದಲ ಸೀಸನ್ನಿನಲ್ಲಿ ದೈತ್ಯ ತೋಳಗಳಾದದ್ದು ನಾರ್ದರ್ನ್ ಇನೂಯಿಟ್ ನಾಯಿಗಳು. ಅದನ್ನೇ ನೋಡಿ ಬೆಳೆದ ನಮ್ಮ ಹುಡುಗರು ಬಂಕಾಪುರದ ತೋಳ ಎದುರಿಗೆ ಹಾದರೂ ನಾಯಿ ಎಂದುಕೊಳ್ಳುತ್ತಾರೆ, ಬೀದಿ ನಾಯಿ ಕುರಿ ಕಚ್ಚಿದರೆ ತೋಳ ಎಂದು ಕೂಗುತ್ತಾರೆ.

ನಾನು ಮೊಬೈಲಿನಲ್ಲಿ ಒಂದು ಚಿತ್ರದ ತುಣುಕು ಹಾಕಿ ಮುದುಕನ ಮುಂದೆ ಹಿಡಿದೆ. ತೋಳದ ಪಾತ್ರಕ್ಕೆ ಹಸ್ಕಿ ನಿಲ್ಲಿಸಿದ ತುಣುಕು ಅದು. ಕಣ್ಣು ಕಿರಿದು ಮಾಡಿ ನೋಡಿದ, ಇನ್ನೊಮ್ಮೆ ಹಾಕೆಂದ. ‘ಬಾಲ ನೋಡು, ಮ್ಯಾಲೆ ಸುತ್ತೈತಿ. ತ್ವಾಳ ಬಾಲ ಸುತ್ತಂಗಿಲ್ಲ, ಇಳಿಬಿಟ್ಟಿರತೈತಿ’ ಎಂದು ಮೊಬೈಲು ನನ್ನ ಕೈಗೆ ಕೊಟ್ಟು ಕುರಿಯ ಕಡೆ ಎದ್ದು ಹೋದ.