ಹಾವೇರಿ ಸೀಮೆಯ ಕಾವ್ಯದಲ್ಲಿ ಸಾಂತ್ವನ ಮತ್ತು ಆತ್ಮಶೋಧ

೧

ಕಾವ್ಯವು ನೊಂದ ಮನಸ್ಸಿಗೆ ಸಾಂತ್ವನ ನೀಡುತ್ತದೆ ಎಂಬುದು ಬಹುಕಾಲದಿಂದ ಒಪ್ಪಿತವಾಗಿ ಬಂದ ಮಾತು. ವ್ಯಾಧನ ಬಾಣಕ್ಕೆ ತುತ್ತಾದ ಕ್ರೌಂಚಪಕ್ಷಿಯನ್ನು ಕಂಡು ವಾಲ್ಮೀಕಿಯಲ್ಲಿ ಹುಟ್ಟಿದ ಶೋಕವೇ ಶ್ಲೋಕವಾಯಿತೆಂಬ ಕಥನವನ್ನು ಭಾರತೀಯ ಕಾವ್ಯಮೀಮಾಂಸೆ ತನ್ನ ತಳಹದಿಯಲ್ಲಿಯೇ ಇರಿಸಿಕೊಂಡಿದೆ. ರುದ್ರನಾಟಕವು ಕರುಣೆ ಮತ್ತು ಭೀತಿಗಳನ್ನು ಎಬ್ಬಿಸಿ ಅವುಗಳ ಶೋಧನೆಯನ್ನು ಸಾಧಿಸುತ್ತದೆಂದು ಅರಿಸ್ಟಾಟಲ್ ಹೇಳಿದ್ದಾನೆ. ಈ ಎರಡೂ ವಿಚಾರಗಳನ್ನು ತೀರ ಸರಳಗೊಳಿಸಿ, ಕಾವ್ಯವನ್ನು ನೋವು ಮರೆಸುವ ಮದ್ದೆಂಬಂತೆ ಕಾಣುವ ಪರಿಪಾಠವೂ ಬೆಳೆದು ಬಂದಿದೆ. ಆದರೆ ವಾಲ್ಮೀಕಿಯ ಬಾಯಿಂದ ಹೊರಟ ಮೊದಲ ಶ್ಲೋಕ ಸಾಂತ್ವನದ ನುಡಿಯಲ್ಲ, ಬೇಡನಿಗೆ ಕೊಟ್ಟ ಶಾಪ. ಶೋಕವು ಕಾವ್ಯವಾಗುವಾಗ ಸಿಟ್ಟು ಅಳಿಯುವುದಿಲ್ಲ. ಅದಕ್ಕೊಂದು ಲಯ ದೊರೆಯುತ್ತದೆ. ಲಯ ದೊರೆತ ಮೇಲೆ ಆಡಿದವನೇ ತನ್ನ ಮಾತನ್ನು ತಿರುಗಿ ಕೇಳಿಸಿಕೊಂಡು, ತಾನು ನುಡಿದುದು ಏನೆಂದು ಬೆರಗಾಗುತ್ತಾನೆ. ಆತ್ಮಶೋಧದ ಮೊದಲ ಹೆಜ್ಜೆ ಇದು.

ಈ ದೃಷ್ಟಿಯಿಂದ ಹಾವೇರಿ ಸೀಮೆಯ ಕಾವ್ಯಪರಂಪರೆ ವಿಶೇಷ ಪರಿಶೀಲನೆಗೆ ಅರ್ಹವಾಗಿದೆ. ೧೯೯೭ರ ಆಗಸ್ಟ್ ೨೪ರಂದು ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಹಾವೇರಿ ಸ್ವತಂತ್ರ ಜಿಲ್ಲೆಯಾಯಿತಾದರೂ, ವರದಾ ಮತ್ತು ತುಂಗಭದ್ರೆಯರ ನಡುವಿನ ಈ ನೆಲದ ಕಾವ್ಯಕ್ಕೆ ಎಂಟು ಶತಮಾನಗಳಿಗೂ ಮೀರಿದ ಇತಿಹಾಸವಿದೆ. ರಾಣೇಬೆನ್ನೂರು ತಾಲೂಕಿನ ಚೌಡದಾನಪುರ ೧೨ನೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರಿನೊಡನೆ ಬೆಸೆದುಕೊಂಡಿದೆ. ಬ್ಯಾಡಗಿ ತಾಲೂಕಿನ ಕಾಗಿನೆಲೆ ೧೬ನೇ ಶತಮಾನದ ಕನಕದಾಸರ ಅಂಕಿತದಲ್ಲಿಯೇ ನೆಲೆಗೊಂಡಿದೆ. ಕನಕ, ಶರೀಫ, ಸರ್ವಜ್ಞರ ನಾಡೆಂಬ ಬಣ್ಣನೆ ಸಭೆ ಸಮಾರಂಭಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ೨೦೨೩ರ ಜನವರಿಯಲ್ಲಿ ಹಾವೇರಿಯಲ್ಲಿ ನಡೆದ ೮೬ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವೂ ಈ ಪರಂಪರೆಯನ್ನು ನಾಡಿನ ಗಮನಕ್ಕೆ ತಂದಿತು. ಇಂಥ ಬಣ್ಣನೆಯಲ್ಲಿ ಒಂದು ಅಪಾಯವೂ ಇದೆ. ಸಾಮರಸ್ಯದ ಸಂಕೇತಗಳಾಗಿ ಮಾತ್ರ ಉಳಿದ ಕವಿಗಳು ಯಾರನ್ನೂ ಕಾಡುವುದಿಲ್ಲ; ಕಾಡದ ಕವಿ ಯಾರನ್ನೂ ಸಂತೈಸಲಾರನು.

೨

ಅಂಬಿಗರ ಚೌಡಯ್ಯನ ವಚನಗಳನ್ನು ಸಾಂತ್ವನದ ಚರ್ಚೆಯಲ್ಲಿ ತರುವುದು ಮೇಲ್ನೋಟಕ್ಕೆ ಅಸಂಗತವೆನಿಸಬಹುದು. ವಚನಕಾರರಲ್ಲಿ ಇವನಷ್ಟು ಕಟುವಾಗಿ ನುಡಿದವರು ವಿರಳ. ಡಾಂಭಿಕ ಗುರುಗಳನ್ನು, ವೇಷಧಾರಿ ಜಂಗಮರನ್ನು, ಕುಲದ ಹಮ್ಮಿನವರನ್ನು ಅವನು ಎದುರುನಿಂತು ಬೈಯುತ್ತಾನೆ. ಆದರೆ ಅವನ ಅಂಕಿತವನ್ನು ಗಮನಿಸಿದಾಗ ಈ ಕಾಠಿಣ್ಯದ ಇನ್ನೊಂದು ಮುಖ ಗೋಚರಿಸುತ್ತದೆ. ಬಸವಣ್ಣನವರಿಗೆ ಕೂಡಲಸಂಗಮದೇವನಂತೆ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನನಂತೆ, ಬಹುಪಾಲು ಶರಣರಿಗೆ ಇಷ್ಟದೈವದ ಹೆಸರೇ ಅಂಕಿತ. ಚೌಡಯ್ಯನ ವಚನಗಳಾದರೋ ಅವನ ಸ್ವಂತ ಹೆಸರಿನಲ್ಲಿ, ಅದೂ ಕಾಯಕದ ಗುರುತನ್ನು ಹೊತ್ತ ಹೆಸರಿನಲ್ಲಿ ಮುಗಿಯುತ್ತವೆ.

ಇದನ್ನು ಅಹಂಕಾರವೆಂದು ಭಾವಿಸಿದರೆ ವಚನದ ಮರ್ಮ ತಪ್ಪುತ್ತದೆ. ದೋಣಿ ನಡೆಸುವವನೆಂದು ಸಮಾಜ ಯಾವ ಹೆಸರಿನಿಂದ ತನ್ನನ್ನು ಕೆಳಗಿಟ್ಟಿತ್ತೋ ಅದೇ ಹೆಸರನ್ನು ಚೌಡಯ್ಯ ಪ್ರತಿ ವಚನದ ಕೊನೆಯಲ್ಲಿ ಮುದ್ರೆಯಾಗಿ ಒತ್ತುತ್ತಾನೆ. ಹೀನಾಯದ ಗುರುತೇ ಮಾತಿನ ಅಧಿಕಾರವಾಗುತ್ತದೆ. ತನ್ನೊಡನೆ ತಾನು ಕೂಡಿಕೊಳ್ಳುವುದೆಂದರೆ ಇನ್ನೊಬ್ಬನಾಗುವುದಲ್ಲ, ತಾನಿದ್ದಂತೆಯೇ ತನ್ನನ್ನು ಕರೆದುಕೊಳ್ಳುವುದು ಎಂಬ ಅರಿವು ಇಲ್ಲಿದೆ. ಇನ್ನೊಂದು ಅಂಶವೂ ಗಮನಾರ್ಹ. ಅಂಬಿಗನ ಕಾಯಕ ಏಕಾಂತದ್ದಲ್ಲ. ದೋಣಿಯಲ್ಲಿ ಕುಳಿತವರೆಲ್ಲರ ಭಾರ ಹುಟ್ಟು ಹಾಕುವವನ ತೋಳಿಗೆ ಬೀಳುತ್ತದೆ. ಹೊಳೆಯ ನಡುವೆ ಕುಲದ ಹೆಚ್ಚು ಕಡಿಮೆಗಳು ನಿಲ್ಲುವುದಿಲ್ಲ. ಚೌಡಯ್ಯನ ಬೈಗುಳ ದಡದ ಮೇಲೆ ನಿಂತವನದಲ್ಲ, ಜೊತೆಗೆ ಹೊಳೆ ದಾಟುತ್ತಿರುವವನದು. ಆದ್ದರಿಂದಲೇ ಅದರಲ್ಲಿ ತಿರಸ್ಕಾರಕ್ಕಿಂತ ಎಚ್ಚರಿಕೆ ಹೆಚ್ಚಾಗಿದೆ.

೩

ಚೌಡಯ್ಯನ ನಂತರ ಸುಮಾರು ನಾಲ್ಕು ಶತಮಾನಗಳ ಮೇಲೆ ಬಂದ ಕನಕದಾಸರ ಜೀವನಕಥನದ ಕೇಂದ್ರದಲ್ಲಿಯೇ ಒಂದು ಗಾಯವಿದೆ. ಇಂದಿನ ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ತಿಮ್ಮಪ್ಪನಾಯಕ ಪಾಳೆಯಗಾರನಾಗಿದ್ದನೆಂದೂ, ಯುದ್ಧವೊಂದರಲ್ಲಿ ಮಾರಣಾಂತಿಕವಾಗಿ ಗಾಯಗೊಂಡು ರಣರಂಗದಲ್ಲಿ ಬಿದ್ದಿದ್ದಾಗ ಆದಿಕೇಶವನ ಕರೆ ಕೇಳಿ ಬದುಕಿ ಉಳಿದನೆಂದೂ, ಆಮೇಲೆ ಆಯುಧವನ್ನು ಬಿಟ್ಟು ದಾಸನಾದನೆಂದೂ ಐತಿಹ್ಯ ಹೇಳುತ್ತದೆ. ಈ ಕಥೆಯನ್ನು ಸಾಮಾನ್ಯವಾಗಿ ಪವಾಡವೆಂದು ನಿರೂಪಿಸಲಾಗುತ್ತದೆ. ಅದರಲ್ಲಿ ದೈವ ಮುಟ್ಟಿದೊಡನೆ ಮೈಯ ಗಾಯ ಮಾಯುತ್ತದೆ, ಮನುಷ್ಯ ಬದಲಾಗುತ್ತಾನೆ, ಕಥೆ ಮುಗಿಯುತ್ತದೆ.

ಕನಕದಾಸರ ಸಾಹಿತ್ಯವನ್ನು ಓದಿದವರಿಗೆ ಕಥೆ ಅಲ್ಲಿಗೆ ಮುಗಿಯಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಮೈಯ ಗಾಯ ಮಾದಮೇಲೆ ಕುಲದ ಗಾಯ ಎದುರಾಯಿತು. ಕುಲವನ್ನು ಕುರಿತ ಅವರ ಕೀರ್ತನೆಗಳು ಶಾಂತಚಿತ್ತದ ಉಪದೇಶಗಳಲ್ಲ. ಉತ್ತರ ಸಿಗುವವರೆಗೆ ಬಿಡದ ಪ್ರಶ್ನೆಗಳು. ಉಡುಪಿಯ ಕನಕನ ಕಿಂಡಿಯ ಐತಿಹ್ಯವೂ ಇದೇ ಗಾಯದ ಗುರುತು. ಕನ್ನಡದಲ್ಲಿ ಗಾಯ ಮಾದ ಮೇಲೆ ಉಳಿಯುವ ಗುರುತಿಗೂ ಕಲೆ ಎಂಬ ಹೆಸರಿರುವುದು ಇಲ್ಲಿ ನೆನಪಿಗೆ ಬರುತ್ತದೆ. ಕನಕದಾಸರ ಕೃತಿಗಳು ನೋವಿಲ್ಲವೆಂದು ಸಾರುವುದಿಲ್ಲ. ನೋವಿದ್ದುದನ್ನು ಅಳಿಸಲಾಗದಂತೆ ಕಾಪಾಡುತ್ತವೆ.

ಅವರ ಅಂಕಿತ ಚೌಡಯ್ಯನ ಅಂಕಿತಕ್ಕೆ ತೀರ ಭಿನ್ನವಾದುದು. ಕನಕದಾಸರು ತಮ್ಮ ಹೆಸರನ್ನು ಬಿಟ್ಟು, ಊರನ್ನೂ ದೈವವನ್ನೂ ಕೂಡಿಸಿ ಕಾಗಿನೆಲೆಯ ಆದಿಕೇಶವನೆಂದು ಮುದ್ರೆಯೊತ್ತುತ್ತಾರೆ. ತಿರುಪತಿ, ಉಡುಪಿ ಮೊದಲಾದ ಕ್ಷೇತ್ರಗಳೊಡನೆ ಅವರ ಹೆಸರು ಬೆರೆತಿದ್ದರೂ ಪ್ರತಿ ಪದದ ಕೊನೆಗೆ ಮನಸ್ಸು ತನ್ನ ನೆಲಕ್ಕೆ ಮರಳುತ್ತದೆ. ಒಬ್ಬನು ತನ್ನ ಹೆಸರನ್ನು ಉಳಿಸಿಕೊಂಡು, ಇನ್ನೊಬ್ಬರು ತಮ್ಮ ಹೆಸರನ್ನು ಬಿಟ್ಟುಕೊಟ್ಟು ತಲಪುವ ಸ್ಥಾನ ಒಂದೇ ಎಂಬುದು ಕುತೂಹಲಕರ. ಇಬ್ಬರಿಗೂ ಅಂಕಿತವು ತಾನು ಯಾರ ಎದುರಿಗೆ ನಿಂತು ಮಾತನಾಡುತ್ತಿದ್ದೇನೆಂಬುದರ ನೆನಪು.

ವ್ಯಾಸರಾಯರು ಶಿಷ್ಯರಿಗೆ ಬಾಳೆಹಣ್ಣು ಕೊಟ್ಟು, ಯಾರೂ ಕಾಣದ ಸ್ಥಳದಲ್ಲಿ ತಿಂದು ಬನ್ನಿರೆಂದಾಗ ಕನಕದಾಸರು ಹಣ್ಣನ್ನು ಹಾಗೆಯೇ ಹಿಂದಕ್ಕೆ ತಂದರೆಂಬ ಕಥೆ ಸರ್ವವಿದಿತ. ದೇವರು ಎಲ್ಲೆಡೆಯೂ ಇದ್ದಾನೆಂಬ ನೀತಿಗೆ ಈ ಕಥೆಯನ್ನು ಬಳಸುವುದು ರೂಢಿ. ಇದಕ್ಕೆ ಇನ್ನೊಂದು ಅರ್ಥವೂ ಇದೆ. ಮನುಷ್ಯ ಎಷ್ಟೇ ಒಬ್ಬನಾಗಿದ್ದರೂ ಅವನನ್ನು ನೋಡುವ ಒಂದು ಕಣ್ಣು ಅವನೊಳಗೆ ಎಚ್ಚರವಾಗಿಯೇ ಇರುತ್ತದೆ. ಆತ್ಮಶೋಧವೆಂದರೆ ಲೋಕದಿಂದ ಅಡಗಿಕೊಳ್ಳುವುದಲ್ಲ, ಆ ಕಣ್ಣಿನ ಎದುರು ನಿಲ್ಲುವುದು. ಒಗಟಿನ ಬಗೆಯ ಅವರ ಮುಂಡಿಗೆಗಳೂ ಇದೇ ಕೆಲಸ ಮಾಡುತ್ತವೆ. ಹಾಡಿದವನ ಬಳಿ ಅರ್ಥ ಮುಗಿಯುವುದಿಲ್ಲ. ಕೇಳಿದವನು ತನ್ನ ಬುದ್ಧಿಯನ್ನು ಕಡೆದು ಅದನ್ನು ಪಡೆಯಬೇಕಾಗುತ್ತದೆ.

೪

ಕನಕದಾಸರ ಕಥನಕಾವ್ಯಗಳಲ್ಲಿ ಈ ತತ್ತ್ವ ಘಟನೆಗಳ ರೂಪ ತಾಳುತ್ತದೆ. ಅವರು ಆರಿಸಿಕೊಂಡ ಕಥೆಗಳಲ್ಲಿ ನಳನ ಕಥೆ ಒಂದಾಗಿರುವುದು ಆಕಸ್ಮಿಕವಲ್ಲ. ಭಾಮಿನಿ ಷಟ್ಪದಿಯ ‘ನಳಚರಿತ್ರೆ’ ಮಹಾಭಾರತದ ನಳೋಪಾಖ್ಯಾನವನ್ನು ಆಧರಿಸಿದೆ. ಜೂಜಿನಲ್ಲಿ ರಾಜ್ಯ ಕಳೆದುಕೊಂಡು, ಕಾಡಿನಲ್ಲಿ ಹೆಂಡತಿಯನ್ನು ತೊರೆದ ನಳನನ್ನು ಕಾರ್ಕೋಟಕ ಸರ್ಪ ಕಚ್ಚುತ್ತದೆ. ರೂಪಗೆಟ್ಟ ಅರಸ ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣನ ಆಶ್ರಯ ಸೇರುತ್ತಾನೆ. ಮೂಲದ ಕಥೆಯ ಪ್ರಕಾರ ಆ ವಿಷ ಬಾಧಿಸುವುದು ನಳನನ್ನಲ್ಲ, ಅವನೊಳಗೆ ಹೊಕ್ಕಿರುವ ಕಲಿಯನ್ನು. ಕಚ್ಚಿದ ಹಾವೇ ಉಪಕಾರಿಯಾಗುತ್ತದೆ. ರೂಪಹಾನಿಯೇ ಮರೆಯಾಗಿ ಬಾಳಲು ಆಸರೆಯಾಗುತ್ತದೆ. ಆದರೂ ನಳನಿಗೆ ನಿಜರೂಪ ಮರಳುವುದು ಏಕಾಂತದಲ್ಲಲ್ಲ. ಗುರುತು ಹಿಡಿಯಲು ಪಟ್ಟು ಬಿಡದೆ ಹುಡುಕಿದ ದಮಯಂತಿಯ ಎದುರಿಗೆ, ಆಕೆಯ ಪ್ರಶ್ನೆಗಳಿಗೆ ಉತ್ತರ ಕೊಟ್ಟ ಮೇಲೆ. ತೊರೆದುಹೋದವನು ತೊರೆಯಲ್ಪಟ್ಟವಳ ಮುಂದೆ ನಿಲ್ಲದ ಹೊರತು ಅವನ ಮನಸ್ಸು ನೆಟ್ಟಗಾಗುವುದಿಲ್ಲ.

‘ರಾಮಧಾನ್ಯಚರಿತೆ’ ಈ ವಿಚಾರವನ್ನು ಇನ್ನಷ್ಟು ನೆಲಕ್ಕೆ ಹತ್ತಿರ ತರುತ್ತದೆ. ಧಾನ್ಯಗಳಲ್ಲಿ ಶ್ರೇಷ್ಠ ಯಾವುದೆಂಬ ಚರ್ಚೆಯಲ್ಲಿ ನೆಲ್ಲಿಗೂ ನರೆದಲೆಗನೆಂಬ ರಾಗಿಗೂ ಜಗಳ ಹತ್ತುತ್ತದೆ. ನೆಲ್ಲು ತನ್ನ ಕುಲೀನತೆಯನ್ನು ಮೆರೆಸುತ್ತದೆ. ರಾಗಿ ಬಡವರನ್ನು ಕೈಬಿಟ್ಟ ನಿನಗೆಲ್ಲಿಯ ಹಿರಿಮೆಯೆಂದು ಮರುನುಡಿಯುತ್ತದೆ. ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದಾಗ ನೆಲ್ಲು ಕಂದಿರುತ್ತದೆ, ರಾಗಿ ಕಸುವುಗೆಡದೆ ಉಳಿದಿರುತ್ತದೆ. ಅದಕ್ಕೆ ರಾಘವನ ಹೆಸರೇ ದೊರೆಯುತ್ತದೆ.

ಈ ಕೃತಿಯನ್ನು ವರ್ಗಸಂಘರ್ಷದ ರೂಪಕವೆಂದು ವಿಮರ್ಶಕರು ಓದಿರುವುದು ಯುಕ್ತವಾಗಿಯೇ ಇದೆ. ಅದರೊಡನೆ ಕಥೆಯ ನಡುವಿನ ಆ ಆರು ತಿಂಗಳನ್ನೂ ಗಮನಿಸಬೇಕು. ವಾದದಲ್ಲಿ ಯಾರೂ ಗೆಲ್ಲುವುದಿಲ್ಲ. ಎರಡು ಕಡೆಯ ಬಿರುನುಡಿಗಳೂ ಮುಗಿದ ಮೇಲೆ ಮಾತಿಲ್ಲದ ಒಂದು ಕತ್ತಲ ಕಾಲ ಬರುತ್ತದೆ. ಸತ್ವ ತಿಳಿಯುವುದು ಅಲ್ಲಿ. ಉತ್ತರ ಕರ್ನಾಟಕದ ಒಕ್ಕಲುತನದಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟು ಬರಗಾಲಕ್ಕೆ ತೆಗೆಯುವ ವಾಡಿಕೆಯಿತ್ತು. ಕಾಳಿನ ಗುಣ ಬೆಳಕಿನಲ್ಲಿ ಹೊಳೆಯುವುದರಲ್ಲಿಲ್ಲ, ಕತ್ತಲಲ್ಲಿ ಕೆಡದಿರುವುದರಲ್ಲಿದೆ ಎಂಬುದು ಅಂಥ ಜನಕ್ಕೆ ಹೇಳಿಕೊಡಬೇಕಾದ ಪಾಠವಲ್ಲ. ಕನಕದಾಸರು ಅದನ್ನು ಮನುಷ್ಯನ ಅಂತಃಸತ್ವಕ್ಕೆ ಅನ್ವಯಿಸಿದರು. ಹೀಗಾಗಿ ಇಲ್ಲಿ ಧ್ಯಾನವೆಂದರೆ ವಿಶ್ರಾಂತಿಯಲ್ಲ, ಪರೀಕ್ಷೆ. ‘ಹರಿಭಕ್ತಿಸಾರ’ದ ಪದ್ಯಗಳು ಕಾಪಾಡೆಂಬ ಒಂದೇ ಮೊರೆಯಲ್ಲಿ ಮತ್ತೆ ಮತ್ತೆ ಕೊನೆಗೊಳ್ಳುವುದರ ಅರ್ಥವೂ ಈ ಹಿನ್ನೆಲೆಯಲ್ಲಿ ಸ್ಪಷ್ಟವಾಗುತ್ತದೆ. ಐತಿಹ್ಯದಂತೆ ಒಮ್ಮೆ ಸೀಮೆಯನ್ನು ಕಾಯುತ್ತಿದ್ದವರು ಈಗ ಕಾಯೆಂದು ಕೇಳುತ್ತಿದ್ದಾರೆ. ಆ ಮೊರೆ ತಮಗೊಬ್ಬರಿಗಾಗಿ ಅಲ್ಲ, ಎಲ್ಲರನ್ನೂ ಒಳಗೊಂಡ ಬಹುವಚನದಲ್ಲಿದೆ.

೫

ಈ ಬಹುವಚನ ಆಧುನಿಕ ಕಾವ್ಯದಲ್ಲಿ ಬೇರೊಂದು ರೂಪದಲ್ಲಿ ಮುಂದುವರಿದಿದೆ. ೧೯೨೩ರಲ್ಲಿ ರಾಣೇಬೆನ್ನೂರಿನಲ್ಲಿ ಜನಿಸಿದ ಸು. ರಂ. ಎಕ್ಕುಂಡಿಯವರು ಉತ್ತರ ಕನ್ನಡದ ಬಂಕಿಕೊಡ್ಲದಲ್ಲಿ ಅಧ್ಯಾಪಕರಾಗಿ ಬಹುಕಾಲ ದುಡಿದರು. ‘ಬಕುಲದ ಹೂಗಳು’ ಸಂಕಲನಕ್ಕೆ ೧೯೯೨ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರು ೧೯೯೫ರಲ್ಲಿ ನಿಧನರಾದರು. ನವ್ಯಕಾವ್ಯ ವ್ಯಕ್ತಿಯ ಒಳಗುದಿಯನ್ನು ಸ್ವಗತದಲ್ಲಿ ಶೋಧಿಸುತ್ತಿದ್ದ ಕಾಲದಲ್ಲಿಯೂ ಎಕ್ಕುಂಡಿಯವರು ಕಥನಕವನವನ್ನು ಬಿಡಲಿಲ್ಲ. ಮಾಧ್ವ ಪರಂಪರೆಯ ಸಂಸ್ಕಾರವನ್ನೂ ಸಮತೆಯ ಕನಸನ್ನೂ ಒಟ್ಟಿಗೆ ಹೊತ್ತ ಅವರಿಗೆ ಆ ಎರಡರ ನಡುವಿನ ಬಿರುಕು ಸ್ವಗತದಿಂದ ಕೂಡುವಂಥದಾಗಿರಲಿಲ್ಲ. ಬಡವರ, ಮಕ್ಕಳ, ಸಂತರ ಕಥೆಗಳನ್ನು ಹೇಳುತ್ತ ಅವರು ಅದನ್ನು ಕೂಡಿಸಿಕೊಂಡರು. ಇನ್ನೊಬ್ಬರ ಬಾಳನ್ನು ಅಕ್ಕರೆಯಿಂದ ನಿರೂಪಿಸುವುದು ತನ್ನನ್ನು ಕಂಡುಕೊಳ್ಳುವ ದಾರಿಯೂ ಹೌದೆಂಬುದಕ್ಕೆ ಅವರ ಕವಿತೆ ನಿದರ್ಶನ.

ಇಷ್ಟಾದರೂ ಕಾವ್ಯದ ಶಕ್ತಿಗೆ ಮಿತಿಯಿದೆ. ೨೦೦೮ರ ಜೂನ್ ೧೦ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ನೆರೆದಿದ್ದ ರೈತರ ಮೇಲೆ ಗೋಲಿಬಾರು ನಡೆದು ಇಬ್ಬರು ಪ್ರಾಣ ಕಳೆದುಕೊಂಡರು. ೨೦೨೪ರ ಮಾರ್ಚಿಯಲ್ಲಿ ಮೆಣಸಿನಕಾಯಿ ದರ ಕುಸಿದಾಗ ಬ್ಯಾಡಗಿ ಮಾರುಕಟ್ಟೆಯಲ್ಲಿ ಬೆಳೆಗಾರರ ಆಕ್ರೋಶ ಬೆಂಕಿಯಾಯಿತು. ಇಂಥ ನೋವಿಗೆ ಪರಿಹಾರ ಕೊಡಬೇಕಾದುದು ಆಡಳಿತವೇ ಹೊರತು ಕವಿತೆಯಲ್ಲ. ಬೆಲೆ ಸಿಗದವನಿಗೆ ಕೀರ್ತನೆ ಕೇಳಿ ಸಮಾಧಾನ ತಂದುಕೊಳ್ಳೆಂದು ಹೇಳುವುದು ಕನಕದಾಸರಿಗೇ ಅಪಚಾರ. ನೆಲ್ಲಿನ ಹಮ್ಮನ್ನು ರಾಗಿಯ ಬಾಯಿಂದ ಪ್ರಶ್ನಿಸಿದ ಕವಿ ಅನ್ಯಾಯವನ್ನು ಸಹಿಸುವ ಉಪಾಯವನ್ನು ಬೋಧಿಸಿದವರಲ್ಲ. ನ್ಯಾಯ ಕೇಳುವವನು ಕೇಳುತ್ತ ಕೇಳುತ್ತ ತನ್ನನ್ನೇ ಕಳೆದುಕೊಳ್ಳದಂತೆ ನೋಡಿಕೊಳ್ಳುವುದು ಮಾತ್ರ ಕಾವ್ಯದಿಂದ ಸಾಧ್ಯ. ಅದು ಸಣ್ಣ ಕೆಲಸವಲ್ಲ.

ಒಟ್ಟಾರೆ, ಹಾವೇರಿ ಸೀಮೆಯ ಕಾವ್ಯದಲ್ಲಿ ಸಾಂತ್ವನವು ನೋವಿನ ವಿಸ್ಮರಣೆಯಲ್ಲ. ಚೌಡಯ್ಯ ಅವಮಾನದ ಹೆಸರನ್ನೇ ಅಂಕಿತ ಮಾಡಿಕೊಂಡನು. ಕನಕದಾಸರು ಗಾಯವನ್ನು ಪ್ರಶ್ನೆಯಾಗಿಸಿ, ಸತ್ವವನ್ನು ಕತ್ತಲಿನ ಪರೀಕ್ಷೆಗೆ ಒಡ್ಡಿದರು. ಎಕ್ಕುಂಡಿಯವರು ತಮ್ಮೊಳಗಿನ ಬಿರುಕನ್ನು ಪರರ ಕಥೆಯಲ್ಲಿ ಕೂಡಿಸಿದರು. ಮೂವರಲ್ಲಿಯೂ ತನ್ನನ್ನು ತಾನು ಕಾಣುವ ದಾರಿ ಇನ್ನೊಬ್ಬರ ಎದುರಿನಿಂದ ಹಾದುಹೋಗುತ್ತದೆ: ದೋಣಿಯ ಸಹಪಯಣಿಗ, ಕಾಗಿನೆಲೆಯ ಆದಿಕೇಶವ, ಕಥೆಯಲ್ಲಿ ಬರುವ ಬಡವ. ಈ ಸೀಮೆಯ ಕವಿಗಳನ್ನು ಸಾಮರಸ್ಯದ ಹೆಸರಿನಲ್ಲಿ ಗೌರವಿಸುವ ಕಾಲದಲ್ಲಿ ಅವರ ಪ್ರಶ್ನೆಗಳನ್ನೂ ಜೊತೆಗೆ ಉಳಿಸಿಕೊಳ್ಳುವುದು ಅಗತ್ಯ. ಆ ಪ್ರಶ್ನೆಗಳಿಗೆ ಉತ್ತರಿಸಬೇಕಾದವರು ಓದುಗರೇ ಆಗಿದ್ದಾರೆ.